ಮನಾಲಿ–ಲೇಹ್ ಸೈಕಲ್ ಲಾಗ್: ರಾತ್ರಿ ಮಲಗುವ ಎತ್ತರದ ಲೆಕ್ಕ

ಹಿಂದಿನ ಕಂತಿನಲ್ಲಿ ಸೈಕಲ್ ಜೋಡಿಸಿದ್ದರ ಬಗ್ಗೆ ಬರೆದಿದ್ದೆ. ಈ ಕಂತು ರಸ್ತೆಯದು. ಮನಾಲಿಯಿಂದ ಲೇಹ್‌ಗೆ, ರೋಹ್ತಾಂಗ್ ಮೇಲಿನ ಹಳೇ ದಾರಿಯಲ್ಲಿ, ಸುಮಾರು 475 ಕಿ.ಮೀ., ಐದು ಪಾಸ್‌ಗಳು, ಅಂದರೆ ರಸ್ತೆ ಬೆಟ್ಟಸಾಲನ್ನು ದಾಟುವ ಎತ್ತರದ ಜಾಗಗಳು. ಲೇಹ್ ಮುಟ್ಟಿದ್ದೇವೆ. ಇಬ್ಬರ ಮಂಡಿಗಳೂ ನೆಟ್ಟಗಿವೆ, ಮುಖದ ಚರ್ಮ ಮಾತ್ರ ಸುಲಿದು ಹೋಗಿದೆ.

ಗೇರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಬಹಳ ಜನ ಕೇಳಿದ್ದರು. ಮುಂದೆ 22 ಹಲ್ಲು, ಹಿಂದೆ 36 ಹಲ್ಲು ಹಾಕಿದ್ದು ಸರಿಯಾಯಿತು. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸರಿಸುಮಾರು 1.3 ಮೀಟರ್ ಮುಂದಕ್ಕೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದು ಕಿ.ಮೀ.ಗಿಂತ ಕಡಿಮೆ, ಅಂದರೆ ನಡಿಗೆಯ ವೇಗ. ನಾಚಿಕೆಪಡುವಂಥದ್ದೇನಿಲ್ಲ. 5,000 ಮೀಟರ್ ಮೇಲೆ ಸಾಮಾನು ಹೊತ್ತ ಸೈಕಲ್‌ಗೆ ಅದಕ್ಕಿಂತ ಜೋರು ಬೇಕಾಗಿಲ್ಲ.

ಬೆಂಗಳೂರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ದಿನಕ್ಕೆ ಎಷ್ಟು ಕಿಲೋಮೀಟರ್?" ನಂದಿ ಬೆಟ್ಟ ಹತ್ತಿಳಿದು ತಿಂಡಿ ಹೊತ್ತಿಗೆ ಮನೆ ಸೇರುವ ಸವಾರಿಗೆ ಆ ಪ್ರಶ್ನೆ ಸರಿ. ಜೊತೆಗೆ ಬಂದ ಭಾವ ಹಾಸನದ ಕಡೆಯವರು, ಲೆಕ್ಕ ಬರೆಯದೆ ಸಂತೆಗೂ ಹೋಗದ ಮನುಷ್ಯ. ಅವರ ಪುಸ್ತಕದಲ್ಲಿ ಕಿಲೋಮೀಟರಿಗೆ ಕಾಲಮ್ಮೇ ಇರಲಿಲ್ಲ. "ರಾತ್ರಿ ಎಲ್ಲಿ" ಅಂತ ಒಂದು, "ಎಷ್ಟು ಎತ್ತರ" ಅಂತ ಇನ್ನೊಂದು, ಎರಡೇ ಕಾಲಮ್ಮು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ರಾತ್ರಿಗೊಮ್ಮೆ ಸುಮ್ಮನೆ ಕೂರಬೇಕು ಎಂಬುದು ವೈದ್ಯರು ಹೇಳುವ ಸೂತ್ರ. ಇಲ್ಲದಿದ್ದರೆ ತೆಳುಗಾಳಿಗೆ ಮೈ ಒಗ್ಗದೆ ತಲೆನೋವು, ವಾಂತಿ ಹಿಡಿದುಕೊಳ್ಳುತ್ತವೆ. ಹಗಲು ಎಷ್ಟು ಬೇಕಾದರೂ ಹತ್ತಿ, ಮಲಗಲು ಇಳಿದುಬಿಡಿ. ಈ ದಾರಿಯ ಕಷ್ಟವೆಲ್ಲ ಈ ಸೂತ್ರವನ್ನು ರಸ್ತೆಗೆ ಹೊಂದಿಸುವುದರಲ್ಲೇ ಇದೆ. ಏರು ಅಂಥ ಕಡಿದಾದದ್ದೇನೂ ಅಲ್ಲ, ನಮ್ಮ ಆಗುಂಬೆ ಘಾಟಿ ಇದಕ್ಕಿಂತ ಕಡಿದು.

ಮನಾಲಿ – ಮಢಿ – ಕೋಕ್ಸರ್

ಮನಾಲಿ 2,050 ಮೀಟರ್, ರೋಹ್ತಾಂಗ್ ನೆತ್ತಿ 3,978. ನಡುವೆ 51 ಕಿ.ಮೀ. ಮಂಗಳೂರಿನ ಕಡಲತಡಿಯಿಂದ ಮುಳ್ಳಯ್ಯನಗಿರಿಯ ತುದಿಗೆ ಹತ್ತಿದಷ್ಟೇ ಏರು, ಆದರೆ ಶುರುವಾಗುವುದೇ ಮುಳ್ಳಯ್ಯನಗಿರಿಗಿಂತ ಮೇಲೆ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲಾರಿಗಳೆಲ್ಲ ಆ ಕಡೆ ಹೋಗಿವೆ. ಹಳೇ ರಸ್ತೆಯಲ್ಲಿ ಉಳಿದದ್ದು ಮೇಲೆ ಹೋಗಿ ಫೋಟೋ ತೆಗೆದುಕೊಂಡು ಇಳಿಯುವ ಟ್ಯಾಕ್ಸಿಗಳು. ಡೀಸೆಲ್ ಹೊಗೆ ಕಡಿಮೆಯಾದದ್ದು ಸೈಕಲಿನವರಿಗೆ ದೊಡ್ಡ ಲಾಭ.

ನಾವು ರೋಹ್ತಾಂಗ್ ಹತ್ತಿದ್ದು ಹಠಕ್ಕಲ್ಲ. ಮಢಿಯಲ್ಲಿ ಒಂದು ರಾತ್ರಿ ಕಳೆದು, ಮರುದಿನ 3,978ರವರೆಗೆ ಹೋಗಿ, ಆ ಕಡೆ ಕೋಕ್ಸರ್‌ಗೆ 3,140ಕ್ಕೆ ಇಳಿದು ಮಲಗಿದರೆ ಮೈಗೆ ಒಳ್ಳೆಯ ಪಾಠವಾಗುತ್ತದೆ. ಸುರಂಗದ ದಾರಿಯಲ್ಲಿ ಹೋದವರಿಗೆ ಆ ಪಾಠ ತಪ್ಪುತ್ತದೆ.

ಆಗಸ್ಟ್ ಕೊನೆ. ಮಢಿಯಲ್ಲಿ ಪಕ್ಕಾ ಮಲೆನಾಡಿನ ಮಳೆ, ಹತ್ತು ಮೀಟರ್ ಆಚೆಗೆ ಏನೂ ಕಾಣದ ಮಂಜು. ನೆತ್ತಿ ದಾಟಿ ಅರ್ಧ ಗಂಟೆ ಇಳಿಯುವಷ್ಟರಲ್ಲಿ ರೇನ್‌ಕೋಟ್ ಬಿಚ್ಚಿ ಚೀಲಕ್ಕೆ ಹಾಕಿದ್ದಾಯಿತು. ಮುಂಗಾರು ಈ ಗೋಡೆಯ ದಕ್ಷಿಣಕ್ಕೇ ಬರಿದಾಗುತ್ತದೆ. ಉತ್ತರದ ಈ ಲಾಹೌಲ್ ಕಣಿವೆಯಲ್ಲಿ ಆಲೂಗಡ್ಡೆ, ಬಟಾಣಿ ಬೆಳೆಯುವುದು ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ತಂದು.

ತಾಂಡಿ – ಜಿಸ್ಪಾ

ಕೋಕ್ಸರ್‌ನಿಂದ ಚಂದ್ರಾ ನದಿಯ ಜೊತೆ ಇಳಿಜಾರು. ತಾಂಡಿಯಲ್ಲಿ ಭಾಗಾ ಬಂದು ಸೇರುತ್ತದೆ, ಅಲ್ಲಿಂದ ಮುಂದೆ ಅದು ಚಂದ್ರಭಾಗಾ, ಬಯಲಿಗಿಳಿದ ಮೇಲೆ ಚಿನಾಬ್. ಎರಡೂ ಹುಟ್ಟುವುದು ಮುಂದೆ ಸಿಗುವ ಬಾರಾಲಾಚಾ ಪಾಸ್‌ನ ಆಸುಪಾಸಿನಲ್ಲೇ. ಒಂದು ಪೂರ್ವಕ್ಕೆ ಬಳಸಿ ಬರುತ್ತದೆ, ಇನ್ನೊಂದು ನೇರವಾಗಿ. ನಾವು ಒಂದರ ಜೊತೆ ಇಳಿದು ಇನ್ನೊಂದರ ಎದುರು ಹತ್ತಿದೆವು.

ತಾಂಡಿಯ ಪೆಟ್ರೋಲ್ ಬಂಕಿನಲ್ಲಿ "ಮುಂದಿನ ಬಂಕ್ 365 ಕಿ.ಮೀ." ಎಂಬ ಹೆಸರುವಾಸಿ ಬೋರ್ಡು. ಬೈಕಿನವರೆಲ್ಲ ಅಲ್ಲಿ ಕ್ಯಾನ್ ತುಂಬಿಸಿಕೊಳ್ಳುತ್ತಾ ನಿಂತಿದ್ದರು. ಭಾವ ಪಕ್ಕದ ಅಂಗಡಿಯಲ್ಲಿ ಬಾಳೆಹಣ್ಣು ತುಂಬಿಸಿಕೊಂಡರು.

ಜಿಸ್ಪಾದಲ್ಲಿ ಸುಮ್ಮನೆ ಕೂತೆವು. ಬಟ್ಟೆ ಒಗೆದೆ, ಚೈನಿಗೆ ಎಣ್ಣೆ ಬಿಟ್ಟೆ. ಬರೆಯುವಂಥದ್ದು ಅಷ್ಟೇ.

ಪತ್ಸೆವೋ – ಜಿಂಗ್‌ಜಿಂಗ್ ಬಾರ್ – ಸರ್ಚು

ಇಡೀ ದಾರಿಯ ಗಂಟು ಇಲ್ಲಿದೆ. ತಾಂಡಿ–ಜಿಸ್ಪಾ ನಡುವೆ ನಾವು ದಾಟಿ ಬಂದ ಕೇಲಾಂಗ್ ಊರು 3,100 ಮೀಟರಿನ ಹತ್ತಿರ. ಜೀಪುಗಳು ಅಲ್ಲಿಂದ ಬೆಳಿಗ್ಗೆ ಹೊರಟು 4,890 ಮೀಟರಿನ ಬಾರಾಲಾಚಾ ದಾಟಿ ಸಂಜೆಯೊಳಗೆ ಸರ್ಚುವಿನ ಡೇರೆಗಳಿಗೆ ತಂದು ಬಿಡುತ್ತವೆ. ಸರ್ಚು 4,290. ಒಂದೇ ಹಗಲಿನಲ್ಲಿ ಮಲಗುವ ಎತ್ತರ ಸಾವಿರ ಮೀಟರಿಗಿಂತ ಹೆಚ್ಚು ಏರಿತು. ರಾತ್ರಿ ಡೇರೆಗಳ ಹೊರಗೆ ವಾಂತಿ ಮಾಡಿಕೊಳ್ಳುತ್ತಿದ್ದವರಲ್ಲಿ ಸೈಕಲಿನವರು ಒಬ್ಬರೂ ಇರಲಿಲ್ಲ, ಎಲ್ಲರೂ ಜೀಪಿನಲ್ಲಿ ಬಂದವರೇ. ನಿಧಾನ ಹೋಗುವುದರಿಂದ ನಮಗೆ ಸಿಗುವ ಅನುಕೂಲ ಇದು. ಹಾಗಂತ ಗಟ್ಟಿಕಾಲಿನ ಸವಾರರು ಇದೇ ದೂರವನ್ನು ಒಂದೇ ದಿನದಲ್ಲಿ ತುಳಿದರೆ ಅವರಿಗೂ ಅದೇ ಗತಿ.

ನಾವು ನಡುವೆ ಎರಡು ಕಡೆ ತಂಗಿದೆವು: ಪತ್ಸೆವೋ, ಸುಮಾರು 3,800, ಜಿಂಗ್‌ಜಿಂಗ್ ಬಾರ್, 4,270. ಜಿಂಗ್‌ಜಿಂಗ್ ಬಾರ್‌ನಲ್ಲಿ ನನಗೆ ಸಣ್ಣ ತಲೆನೋವು, ಭಾವನಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಎರಡೂ ಹೋಗಿದ್ದವು. ಹೋಗದಿದ್ದರೆ ಮೇಲೆ ಹತ್ತುವ ಮಾತಿಲ್ಲ ಎಂದು ಮೊದಲೇ ಒಪ್ಪಂದವಾಗಿತ್ತು. ಬೆಟ್ಟದ ಮೇಲೆ ನಿಂತು ಅದನ್ನು ಚರ್ಚೆ ಮಾಡಬಾರದು, ಆಗ ಬುದ್ಧಿಯೂ ಅರ್ಧ ಆಮ್ಲಜನಕದಲ್ಲೇ ಓಡುತ್ತಿರುತ್ತದೆ.

ಇನ್ನೊಂದು ಲೆಕ್ಕ ನೀರಿನದು. ಇಲ್ಲಿನ ನಾಲೆಗಳು ಹಲವು ಕಡೆ ರಸ್ತೆಯ ಮೇಲೇ ಹರಿಯುತ್ತವೆ. ರಾತ್ರಿಯ ಚಳಿಗೆ ಮೇಲಿನ ಹಿಮ ಬಿಗಿದಿರುತ್ತದೆ, ಬೆಳಿಗ್ಗೆ ನೀರು ಪಾದ ಮುಳುಗುವಷ್ಟು. ಹಗಲ ಬಿಸಿಲಿಗೆ ಕರಗಿದ್ದು ಇಳಿದು ಬರುವ ಹೊತ್ತಿಗೆ ಮಧ್ಯಾಹ್ನ, ಆಗ ಅದೇ ನಾಲೆ ಮೊಣಕಾಲು ಮುಟ್ಟುತ್ತದೆ, ತಳದಲ್ಲಿ ಕಲ್ಲು ಉರುಳುವುದು ಕಾಲಿಗೆ ತಿಳಿಯುತ್ತದೆ. ಹಾಗಾಗಿ ಐದೂವರೆಗೆ ಎದ್ದು, ಅವಲಕ್ಕಿ ನೆನೆಸಿ ತಿಂದು, ಬೆಳಕು ಬರುತ್ತಲೇ ಹೊರಡುವುದು ರೂಢಿ ಮಾಡಿಕೊಂಡೆವು. ದಾಟುವಾಗ ಶೂ ಬಿಚ್ಚಿ ರಬ್ಬರ್ ಚಪ್ಪಲಿ ಹಾಕಿ ಸೈಕಲ್ ತಳ್ಳಬೇಕು. ಬರಿಗಾಲು ಬೇಡ. ಆ ನೀರಿನಲ್ಲಿ ಒಂದು ನಿಮಿಷಕ್ಕೆ ಕಾಲು ಮರಗಟ್ಟಿ ಎಲ್ಲಿ ಇಟ್ಟೆವೆಂದು ಗೊತ್ತಾಗದು.

ಸೂರಜ್ ತಾಲ್ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಬೆಳಗಿನಿಂದ ಎದುರು ತುಳಿದ ಭಾಗಾ ನದಿಯ ಮೂಲ ಅದೇ. ಅಲ್ಲಿಂದ ಸ್ವಲ್ಪವೇ ಮೇಲೆ ಬಾರಾಲಾಚಾ. ಆ ಕಡೆಯ ನೀರು ಉತ್ತರಕ್ಕೆ ಇಳಿದು ತ್ಸಾರಪ್ ಸೇರಿ, ಝನ್ಸ್ಕಾರ್ ಆಗಿ, ಲೇಹ್‌ನ ಆಚೆ ನಿಮ್ಮುವಿನಲ್ಲಿ ಸಿಂಧೂವಿಗೆ ಬೀಳುತ್ತದೆ. ಈ ಕಡೆಯದು ಚಿನಾಬ್ ಆಗಿ ಪಂಜಾಬು ಸುತ್ತಿ ಕೊನೆಗೆ ಅದೇ ಸಿಂಧೂವಿಗೆ.

ಗಾಟಾ ಲೂಪ್ಸ್ – ಪಾಂಗ್

ಸರ್ಚುವಿನಿಂದ ಮುಂದೆ ತ್ಸಾರಪ್ ದಂಡೆಯ ಮಟ್ಟದ ರಸ್ತೆ. ಗಾಟಾ ಲೂಪ್ಸ್ ಎಂಬ ತಿರುವುಗಳ ಬುಡದಲ್ಲಿ, 4,190ರ ಹತ್ತಿರ, ಡೇರೆ ಹಾಕಿದೆವು. ಸರ್ಚುವಿಗಿಂತ ನೂರು ಮೀಟರ್ ಕೆಳಗೆ ಎಂದು ಭಾವನಿಗೆ ಬಹಳ ಖುಷಿ. ಆದರೆ ಮರುದಿನ ನಕೀ ಲಾ, ಲಾಚುಲುಂಗ್ ಲಾ (ಲಾ ಎಂದರೆ ಪಾಸ್) ಎರಡನ್ನೂ ದಾಟಿಯೇ ಪಾಂಗ್ ಸೇರಬೇಕು, ನಡುವೆ ಮಲಗಿದರೆ 4,700 ಆಗುತ್ತದೆ.

21 ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ 4,667 ಮೀಟರಿಗೆ ಏರುತ್ತದೆ. ಇಳಿಜಾರು ಸೌಮ್ಯ, ಮಿಲಿಟರಿ ಲಾರಿಗಳಿಗಾಗಿ ಅಳೆದು ಮಾಡಿದ್ದು. ಅಡ್ಡದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವರನ್ನು ಕಂಡೆ, ದಯವಿಟ್ಟು ಮಾಡಬೇಡಿ: ಉಸಿರು ಅಲ್ಲೇ ಖರ್ಚಾಗುತ್ತದೆ, ಮಣ್ಣೂ ಜಾರುತ್ತದೆ. ಒಂದು ತಿರುವಿನಲ್ಲಿ ಚಿಕ್ಕ ಗುಡಿ, ಸುತ್ತ ನೀರಿನ ಬಾಟಲಿಗಳ ರಾಶಿ. ಕೆಟ್ಟು ನಿಂತ ಲಾರಿಯಲ್ಲಿ ಕಾವಲಿಗೆ ಉಳಿದ ಕ್ಲೀನರ್ ಹುಡುಗ ನೀರಿಲ್ಲದೆ ಸತ್ತ, ಈಗಲೂ ನೀರು ಕೇಳುತ್ತಾನೆ ಎಂದು ಡ್ರೈವರುಗಳು ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಲೂಪ್ಸ್ ಬುಡದಿಂದ ನಕೀ ಲಾ ದಾಟಿ ವಿಸ್ಕಿ ನಾಲೆಗೆ ಇಳಿಯುವವರೆಗೆ ಹನಿ ನೀರು ಸಿಗದು ಎಂಬುದು ನಿಜ. ತಲೆಗೆ ನಾಲ್ಕು ಲೀಟರ್ ಹೊತ್ತಿದ್ದೆವು. ಭಾವ ತಮ್ಮದರಲ್ಲಿ ಅರ್ಧ ಬಾಟಲಿ ಗುಡಿಯ ಮುಂದೆ ಸುರಿದರು, ನಾನು ಏನೂ ಅನ್ನಲಿಲ್ಲ.

ನಕೀ ಲಾ ಮುಗಿಯಿತು ಅಂತ ಅಂದುಕೊಳ್ಳುವ ಹಾಗಿಲ್ಲ, ಇಳಿದಷ್ಟೂ ಮತ್ತೆ ಹತ್ತಿ 5,059ರ ಲಾಚುಲುಂಗ್ ಲಾ ದಾಟಬೇಕು. ಅಲ್ಲಿಂದ ಪಾಂಗ್‌ವರೆಗಿನ ಕಮರಿಯಲ್ಲಿ ಗಾಳಿ ಕೊರೆದ ಕಂಬಗಳಂಥ ಬಂಡೆಗಳು. ಬ್ರೇಕ್ ಹಿಡಿದು ಬೆರಳು ಸೋತು ನಿಲ್ಲುತ್ತಾ ಇಳಿದದ್ದರಿಂದ ಚೆನ್ನಾಗಿ ನೋಡಿದ್ದೂ ಆಯಿತು.

ಪಾಂಗ್ 4,600. ನೀರು ಕುದಿಯುವುದು 85 ಡಿಗ್ರಿಯ ಸುಮಾರಿಗೆ, ಹಾಗಾಗಿ ಬೇಳೆ ಬೇಯಬೇಕಾದರೆ ಕುಕ್ಕರೇ ಗತಿ. ಲಡಾಖಿ ಹೆಂಗಸರು ನಡೆಸುವ ಡೇರೆಯಲ್ಲಿ ಸಂಜೆಯೆಲ್ಲ ವಿಷಲ್ ಸದ್ದು. ಭಾವ ಮನೆಯಿಂದ ತಂದ ರಾಗಿ ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸುತ್ತಿದ್ದರೆ ಡೇರೆಯ ಅಮ್ಮ ಬಂದು ನೋಡಿ, ಒಳಗಿನಿಂದ ತಮ್ಮ ಹುರಿದ ಬಾರ್ಲಿ ಹಿಟ್ಟು ತಂದು ಉಪ್ಪು–ಬೆಣ್ಣೆಯ ಚಹಾದಲ್ಲಿ ಕಲಸಿ ಕೊಟ್ಟರು. ಅವರಿಗೆ ನಮ್ಮದು ತೀರಾ ಸಿಹಿಯಾಯಿತು. ಭಾವನಿಗೆ ಅವರದು ಹಿಡಿಸಿ ಅರ್ಧ ಕಿಲೋ ಕೊಂಡರು. ಮುಂದಿನ ಬೆಳಗಿನ ತಿಂಡಿಗಳೆಲ್ಲ ಅದೇ.

ಮೋರೆ ಬಯಲು – ತಂಗ್ಲಾಂಗ್ ಲಾ – ಲೇಹ್

ಪಾಂಗ್‌ನಿಂದ ಒಂದು ದಿಢೀರ್ ಏರು ಮುಗಿದರೆ ಸುಮಾರು 40 ಕಿ.ಮೀ. ಮಟ್ಟಸವಾದ ಬಯಲು, 4,700 ಮೀಟರಿನಲ್ಲಿ. ಚಾಂಗ್ಪಾ ಅಲೆಮಾರಿಗಳ ಆಡು–ಕುರಿ ಮಂದೆ, ದೂರದಲ್ಲಿ ಕಪ್ಪು ಡೇರೆ. ಡಾಂಬರು ನಯವಾಗಿದೆ. ಇಲ್ಲೂ ಬೇಗ ಹೊರಡಬೇಕು, ಕಾರಣ ಈ ಸಲ ಗಾಳಿ. ನೆಲ ಕಾದಂತೆ ಮಧ್ಯಾಹ್ನ ಏಳುವ ಗಾಳಿ ಎದುರು ಬಂದರೆ ಸಮತಟ್ಟಿನಲ್ಲೂ ಗಾಟಾ ಲೂಪ್ಸ್‌ನ ಗೇರು ಬೇಕಾಗುತ್ತದೆ. ಡೆಬ್ರಿಂಗ್‌ನಲ್ಲಿ ರಾತ್ರಿ. ಹತ್ತಿರದ ತ್ಸೋ ಕಾರ್ ಉಪ್ಪಿನ ಸರೋವರಕ್ಕೆ ಹೋಗುವ ದಾರಿ ಅಲ್ಲೇ ಕವಲೊಡೆಯುತ್ತದೆ. ನಮ್ಮ ದಾರಿಯಲ್ಲಿ ಸಿಂಧೂವಿಗೆ ಹೋಗದ ನೀರು ಎಂದರೆ ಅದೊಂದೇ, ಆ ಕೊಳಕ್ಕೆ ಹೊರದಾರಿಯಿಲ್ಲ.

ತಂಗ್ಲಾಂಗ್ ಲಾ ಬೋರ್ಡಿನಲ್ಲಿ 17,582 ಅಡಿ ಎಂದಿದೆ. ಅಳತೆ ಮಾಡಿದವರು ಹೇಳುವುದು 5,328 ಮೀಟರ್, ಅಂದರೆ ಬೋರ್ಡಿಗಿಂತ ನೂರಡಿ ಕಡಿಮೆ. ಯಾವುದಾದರೂ ಸರಿ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸು. ನೂರು ಸುತ್ತು ಪೆಡಲ್, ಕಾಲೂರಿ ಹತ್ತು ಉಸಿರು, ಮತ್ತೆ ನೂರು ಸುತ್ತು, ಹೀಗೆ ಹತ್ತಿದೆವು. ಇಷ್ಟು ಎತ್ತರದಲ್ಲಿ ತಲೆನೋವಿಲ್ಲದೆ ಚಹಾ ಕುಡಿದದ್ದು ಹಿಂದಿನ ಮೆಟ್ಟಿಲುಗಳ ಫಲ.

ರುಮ್ತ್ಸೆಗೆ ಇಳಿದಾಗ ಮೊದಲ ಬಾರ್ಲಿ ಹೊಲ, ಮೊದಲ ಮರ. ಮಿರು ದಾಟಿದ ಮೇಲಿನ ಕಮರಿಯ ಬಂಡೆಗಳು ನೇರಳೆ, ಕುಂಕುಮ ಬಣ್ಣ. ಉಪ್ಶಿಯಲ್ಲಿ ಸಿಂಧೂ. ಅಲ್ಲಿಂದ ನದಿಯ ಜೊತೆ ಇಳಿದು ಲೇಹ್ ಸೇರಿದರಾಯಿತು ಎಂದು ನಕ್ಷೆ ನೋಡಿದವರಿಗೆ ಅನಿಸುತ್ತದೆ. ಆದರೆ ಲೇಹ್ ಇರುವುದು ನದಿಯಿಂದ ಮೇಲೆ, 3,500ರಲ್ಲಿ. ಚೋಗ್ಲಾಮ್ಸರ್‌ನಿಂದ ಕೊನೆಯ ಏಳೆಂಟು ಕಿ.ಮೀ. ಏರು, ಅದೂ ಊರ ಟ್ರಾಫಿಕ್ಕಿನ ನಡುವೆ. ನಾನು ಬೈದುಕೊಂಡು ತುಳಿದದ್ದು ಅದೊಂದೇ ಏರು.

ಮುಂದೆ

ವಾಪಸು ಬೇರೆ ದಾರಿಯಲ್ಲಿ: ನಿಮ್ಮು–ಪದುಮ್–ದಾರ್ಚಾ, 298 ಕಿ.ಮೀ., ಗಡಿ ರಸ್ತೆ ಸಂಸ್ಥೆ 2024ರ ಮಾರ್ಚ್‌ನಲ್ಲಿ ಪೂರ್ತಿ ಜೋಡಿಸಿದ ರಸ್ತೆ. ಝನ್ಸ್ಕಾರ್ ನದಿ ಹಿಡಿದು ಪದುಮ್‌ಗೆ, ಅಲ್ಲಿಂದ ಶಿಂಕು ಲಾ. ಆ ಪಾಸ್‌ನ ಕೆಳಗೆ 4.1 ಕಿ.ಮೀ. ಸುರಂಗದ ಕೆಲಸ 2024ರ ಜುಲೈನಲ್ಲಿ ಶುರುವಾಗಿದೆ, ಅದು ಮುಗಿಯುವ ಮೊದಲೇ ಮೇಲಿನ ದಾರಿ ತುಳಿದುಬಿಡುವ ಆಸೆ. ಈಗ ಮೈ ಎತ್ತರಕ್ಕೆ ಒಗ್ಗಿರುವುದರಿಂದ ರಾತ್ರಿಯ ಕಾಲಮ್ಮು ಈ ಸಲ ಸಡಿಲ. ಕಾಡುವುದು ಅಂಗಡಿ ಸಿಗದ ದೂರಗಳು ಮತ್ತು ಧೂಳು. ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಲೇಹ್ ಪೇಟೆಯಲ್ಲಿ ಅದೇ ಅಳತೆಯದು ಸಿಕ್ಕಿತು. ಹಿಂದಿನ ಟೈರನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿದ್ದೇನೆ. ಟೆಂಟಿನ ಒಂದು ಕಂಬ ಬಿರುಕು ಬಿಟ್ಟಿದೆ, ಅದಕ್ಕೆ ತಗಡು ಸುತ್ತಿಸಬೇಕು. ಅಷ್ಟಾದರೆ ಸೋಮವಾರ ಹೊರಡುತ್ತೇವೆ.