ಸಂತೆಯ ಮೇಜಿಗೊಂದು ವಿವರದ ಚೀಟಿ: ಇದುವರೆಗೆ ಆದ ಕೆಲಸ

ಬೆಂಗಳೂರಿನ ಕರಕುಶಲ ಸಂತೆಗಳಲ್ಲಿ ಮಾರಾಟಕ್ಕಿಟ್ಟ ವಸ್ತುಗಳ ಮೇಲೆ ಬೆಲೆ ಬರೆದಿರುತ್ತದೆ. ಅವು ಯಾವ ಊರಿನಲ್ಲಿ, ಯಾವ ಸಾಮಗ್ರಿಯಿಂದ, ಯಾವ ಕ್ರಮದಲ್ಲಿ ತಯಾರಾದವು ಎಂಬುದನ್ನು ಬರೆದಿರುವುದು ಅಪರೂಪ. ಮಾಡಿದವರೇ ಮೇಜಿನ ಹಿಂದೆ ನಿಂತಿದ್ದರೆ ಕೇಳಿ ತಿಳಿಯಬಹುದು. ಆದರೆ ಭಾನುವಾರದ ಜನಜಂಗುಳಿಯಲ್ಲಿ ನಾಲ್ಕಾರು ಮಂದಿ ಒಮ್ಮೆಗೇ ವಸ್ತುಗಳನ್ನು ಎತ್ತಿ ನೋಡುತ್ತಿರುವಾಗ ಅವರಿಗೆ ಬೆಲೆ ಹೇಳುವುದಕ್ಕೇ ಪುರಸೊತ್ತು ಇರುವುದಿಲ್ಲ. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಬೇಕೆಂದು ಬಿಡುವಿನ ವೇಳೆಯಲ್ಲಿ ನಾನು ಕೈಗೆತ್ತಿಕೊಂಡ ಕೆಲಸವಿದು: ಒಂದೊಂದು ಕಸುಬಿಗೆ ಒಂದೊಂದು ಕನ್ನಡದ ಚೀಟಿ, ಅಂಗೈ ಅಗಲದ್ದು, ಮೇಜಿನ ಮೇಲೆ ವಸ್ತುವಿನ ಪಕ್ಕದಲ್ಲಿ ನಿಲ್ಲುವಂಥದ್ದು. ಕುಶಲಕರ್ಮಿಗಳಿಗೆ ಇದನ್ನು ಉಚಿತವಾಗಿ ಕೊಡುತ್ತಿದ್ದೇನೆ.

ಆಷಾಢ

ಬರೆಯುವ ಮೊದಲು ಕೆಲವು ನಿಯಮಗಳನ್ನು ಹಾಕಿಕೊಂಡೆ. ಚೀಟಿಯಲ್ಲಿ ಹೊಗಳಿಕೆ ಇರಬಾರದು. ‘ಅಪ್ಪಟ’, ‘ಪಾರಂಪರಿಕ’, ‘ಅಪೂರ್ವ’ ಎಂಬ ಮಾತುಗಳನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸರಕಿನ ಡಬ್ಬಿಯ ಮೇಲೂ ಮುದ್ರಿಸುತ್ತಾರಾದ್ದರಿಂದ ಅವು ಕೊಳ್ಳುವವರಿಗೆ ಏನನ್ನೂ ತಿಳಿಸುವುದಿಲ್ಲ. ಊರು, ಸಾಮಗ್ರಿ, ಕೆಲಸದ ಹಂತಗಳು, ಮನೆಗೆ ಒಯ್ದ ಮೇಲೆ ಜೋಪಾನ ಮಾಡುವ ಬಗೆ, ಇಷ್ಟು ಸಾಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಚೀಟಿಯಲ್ಲೂ ‘ಎಲ್ಲಿ ನೋಡಬೇಕು’ ಎಂಬ ಒಂದು ಸಾಲು ಇರಬೇಕು. ಕೈಕೆಲಸವು ವಸ್ತುವಿನ ಎಲ್ಲ ಕಡೆಯೂ ಸಮನಾಗಿ ಕಾಣುವುದಿಲ್ಲ. ತಳದಲ್ಲೋ, ಹಿಂಬದಿಯಲ್ಲೋ, ಎರಡು ಭಾಗಗಳು ಕೂಡುವಲ್ಲೋ ಅದು ತನ್ನ ಗುರುತು ಬಿಟ್ಟಿರುತ್ತದೆ. ಆ ಜಾಗವನ್ನು ತೋರಿಸಿಕೊಟ್ಟರೆ ಉಳಿದದ್ದನ್ನು ಕೊಳ್ಳುವವರ ಕಣ್ಣೇ ನಿರ್ಧರಿಸುತ್ತದೆ ಎಂಬುದು ನನ್ನ ನಂಬಿಕೆ.

ಹಂತಗಳ ವಿವರಕ್ಕೆ ಮೊದಲ ಆಧಾರ ಮಾಡುವವರ ಮಾತು. ಎರಡನೆಯದು ಭೌಗೋಳಿಕ ಸೂಚಕದ, ಅಂದರೆ ಒಂದು ಊರಿನ ಹೆಸರಿನೊಂದಿಗೆ ಬೆಸೆದ ವಸ್ತುವಿಗೆ ಸಿಗುವ ಜಿಐ ಮಾನ್ಯತೆಯ ನೋಂದಣಿ ಕಡತಗಳು. ಇದಕ್ಕೆ ಸಂಬಂಧಿಸಿದ 1999ರ ಕಾಯ್ದೆಯು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದ್ದು, ಅದರ ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ತಯಾರಿಕೆಯ ವಿಧಾನವನ್ನು ಅರ್ಜಿಯಲ್ಲೇ ವಿವರಿಸಬೇಕಾದ್ದರಿಂದ ಆ ಕಡತಗಳು ಬಹಳ ಉಪಯುಕ್ತ. ಆದರೆ ಜಿಐ ರಕ್ಷಿಸುವುದು ಹೆಸರನ್ನು. ನಮ್ಮೆದುರಿಗೆ ಮೇಜಿನ ಮೇಲಿರುವ ಈ ಒಂದು ವಸ್ತು ಹೇಗೆ ತಯಾರಾಯಿತು ಎಂಬುದನ್ನು ನಾವೇ ನೋಡಿ ತಿಳಿಯಬೇಕು.

ಶ್ರಾವಣ

ಮೊದಲ ಚೀಟಿ ಚನ್ನಪಟ್ಟಣದ ಗೊಂಬೆಗೆ. ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಊರು. ನಗರದ ಯಾವುದೇ ಕರಕುಶಲ ಮೇಳದಲ್ಲಿ ಈ ಗೊಂಬೆಗಳಿಲ್ಲದ ಸಾಲು ಸಿಗುವುದು ಕಷ್ಟ. ಅವುಗಳ ನಕಲುಗಳೂ ಅಷ್ಟೇ ಧಾರಾಳವಾಗಿ ಸಿಗುವುದರಿಂದ ಇಲ್ಲಿಂದಲೇ ಆರಂಭಿಸುವುದು ಸರಿಯೆನಿಸಿತು.

ಬಿಳುಪಾದ, ಮೆದುವಾದ ಆಲೆ ಮರವನ್ನು ಒಣಗಿಸಿ, ತುಂಡು ಮಾಡಿ, ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಮರ ಇನ್ನೂ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಕೇದಗೆಯ ಒಣ ಎಲೆಯನ್ನು ಒತ್ತಿ ಹಿಡಿದರೆ ಬಣ್ಣ ಒಂದೇ ಸಮನಾಗಿ ಹರಡಿ ಹೊಳಪು ಬರುತ್ತದೆ. ಬ್ರಶ್ಶಿನಿಂದ ಬಳಿಯುವ ಪ್ರಶ್ನೆಯೇ ಇಲ್ಲ. ಈ ಕಾರಣದಿಂದ, ಕಡೆದ ಗೊಂಬೆಯಲ್ಲಿ ಬಣ್ಣದ ಪಟ್ಟಿಗಳು ಉರುಟಾದ ಮೈಯನ್ನು ಸುತ್ತಿಕೊಂಡಿರುತ್ತವೆ. ಪಟ್ಟಿಯ ಅಂಚು ನೇರವಾಗಿ, ಹರಿತವಾಗಿರುತ್ತದೆ. ಅರಗು ಮುಟ್ಟದ ತಳದಲ್ಲಿ ಮರದ ಸಹಜ ಬಣ್ಣ ಮತ್ತು ಉಳಿಯ ಸಣ್ಣ ವೃತ್ತಾಕಾರದ ಗೆರೆಗಳು ಕಾಣಬಹುದು. ‘ಎಲ್ಲಿ ನೋಡಬೇಕು’ ಎಂಬ ಸಾಲಿಗೆ ತಳವನ್ನೇ ಆರಿಸಿಕೊಂಡೆ. ಜೋಪಾನದ ಸಾಲಿನಲ್ಲಿ ನೀರಿನಲ್ಲಿ ನೆನೆಸಬಾರದು, ಬಿಸಿಯ ಹತ್ತಿರ ಇಡಬಾರದು ಎಂದು ಬರೆದದ್ದಕ್ಕೆ ಕಾರಣವೂ ಮೇಲಿನ ವಿಧಾನದಲ್ಲೇ ಇದೆ: ಶಾಖದಿಂದ ಕೂತ ಅರಗು ಶಾಖಕ್ಕೆ ಮತ್ತೆ ಮೆತ್ತಗಾಗುತ್ತದೆ.

ಚೀಟಿಯ ಕರಡನ್ನು ಕಡೆಯುವ ಹಿರಿಯರೊಬ್ಬರಿಗೆ ಓದಿ ಹೇಳಿದಾಗ ಅವರು ಒಂದೇ ಒಂದು ತಿದ್ದುಪಡಿ ಸೂಚಿಸಿದರು. ಮರ ಒಣಗಿಸುವ ಹಂತವನ್ನು ನಾನು ಮೂರನೇ ಸಾಲಿನಲ್ಲಿ ಬರೆದಿದ್ದೆ. ಅವರ ಪ್ರಕಾರ ಅದು ಮೊದಲ ಸಾಲಿಗೆ ಬರಬೇಕು, ಏಕೆಂದರೆ ಹಸಿ ಮರದಲ್ಲಿ ಕಡೆದ ಗೊಂಬೆ ಆಮೇಲೆ ಬಿರುಕು ಬಿಟ್ಟರೆ ಮಿಕ್ಕ ಕೆಲಸವೆಲ್ಲ ವ್ಯರ್ಥ. ಹಾಗೆಯೇ ಬದಲಾಯಿಸಿದೆ.

ಭಾದ್ರಪದ, ಆಶ್ವಯುಜ

ಗಣೇಶನ ಹಬ್ಬದ ಮುಂಚಿನ ವಾರಗಳಲ್ಲಿ ದಂಡು ಪ್ರದೇಶದ ಪಾಟರಿ ಟೌನ್‌ನ ಕುಂಬಾರರು ಮೂರ್ತಿಗಳ ಕೆಲಸದಲ್ಲಿ ಮುಳುಗಿರುತ್ತಾರೆ. ಅದು ಮುಗಿದ ಕೂಡಲೇ ದೀಪಾವಳಿಯ ಹಣತೆ ಶುರು. ಪೇಟೆಯೊಳಗೆ ಕುಂಬಾರಪೇಟೆ ಎಂಬ ಹೆಸರು ಇಂದಿಗೂ ಉಳಿದಿದೆ; ತಿರುಗುವ ಚಕ್ರವನ್ನು ನೋಡಬೇಕಾದರೆ ಮಾತ್ರ ಪಾಟರಿ ಟೌನ್‌ನ ಕಡೆಗೆ ಹೋಗಬೇಕು.

ಹಣತೆಯ ಚೀಟಿ ಬಹಳ ಸುಲಭವಾಗಿ ತಯಾರಾಯಿತು. ಚಕ್ರದ ಮೇಲೆ ಒಂದೇ ಮುದ್ದೆ ಮಣ್ಣಿನಿಂದ ಒಂದರ ಹಿಂದೊಂದು ಹಣತೆಯನ್ನು ಎತ್ತಿ, ದಾರದಿಂದ ಕೊಯ್ದು ಬೇರ್ಪಡಿಸುತ್ತಾರೆ. ದಾರ ಹಾದುಹೋದ ಕಡೆ ತಳದಲ್ಲಿ ಬಾಗಿದ ಗೆರೆಗಳು ಮೂಡುತ್ತವೆ. ಅಚ್ಚಿನಲ್ಲಿ ಒತ್ತಿದ ಹಣತೆಗೆ ಈ ಗೆರೆಗಳಿಲ್ಲ. ಹೂವಿನ ಅಂಚು, ಬಣ್ಣ, ಮಿನುಗು ಇರುವ ಅಚ್ಚಿನ ಹಣತೆಗಳನ್ನು ಹೆಚ್ಚು ಬೆಲೆಗೆ ಕೊಂಡು, ಚಕ್ರದಲ್ಲಿ ತಿರುಗಿಸಿದ ಸಾದಾ ಹಣತೆಗೆ ಚೌಕಾಸಿ ಮಾಡುವುದನ್ನು ಪ್ರತಿ ವರ್ಷವೂ ಕಾಣುತ್ತೇವೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ನವರಾತ್ರಿಯ ಗೊಂಬೆಗಳ ಪೈಕಿ ಕೊಪ್ಪಳದ ಕಿನ್ನಾಳ ಗೊಂಬೆಗೆ ಕರಡು ಬರೆದಿಟ್ಟಿದ್ದೇನೆ. ಹಗುರ ಮರ, ಹುಣಸೆ ಬೀಜದ ಅಂಟು, ಅದರ ಮೇಲೆ ಬಣ್ಣ ಎಂಬಷ್ಟನ್ನು ಬರೆಯಬಹುದು. ಚಿತ್ರಗಾರ ಮನೆತನದವರ ಜೊತೆ ಕುಳಿತು ಹಂತಗಳನ್ನು ಒಂದೊಂದಾಗಿ ಕೇಳುವವರೆಗೆ ಅದನ್ನು ಮುದ್ರಣಕ್ಕೆ ಕೊಡುವುದಿಲ್ಲ.

ಕಾರ್ತಿಕ, ಮಾರ್ಗಶಿರ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಡಲೆಕಾಯಿಯ ರಾಶಿಗಳ ನಡುವೆ ಮಣ್ಣಿನ ಸಾಮಾನು, ಬಿದಿರಿನ ಬುಟ್ಟಿ, ಮರದ ಆಟಿಕೆ ಇಟ್ಟುಕೊಂಡು ಕುಳಿತವರೂ ಇರುತ್ತಾರೆ. ಚೀಟಿಗಳು ಜನರ ನಡುವೆ ಹೇಗೆ ಕೆಲಸ ಮಾಡುತ್ತವೆಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇರಲಾರದು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರ ಬಳಿ ದಪ್ಪ ಕಾಗದದಲ್ಲಿ ಮುದ್ರಿಸಿಕೊಂಡು, ಹಣತೆ ಮಾರುತ್ತಿದ್ದ ತಾಯಿ ಮಗಳಿಬ್ಬರ ಒಪ್ಪಿಗೆ ಪಡೆದು ಅವರ ಬುಟ್ಟಿಗೆ ಒಂದನ್ನು ಸಿಕ್ಕಿಸಿದೆ. ಓದಿದವರಲ್ಲಿ ಬಹುಮಂದಿ ಮಾಡಿದ ಮೊದಲ ಕೆಲಸ ಹಣತೆಯನ್ನು ಬೋರಲು ಹಾಕಿ ತಳ ನೋಡಿದ್ದು. ಒಬ್ಬ ಹುಡುಗ ತನ್ನ ತಂದೆಗೆ ಗೆರೆ ತೋರಿಸಿ, ‘ಅಪ್ಪಾ, ದಾರ ಇಲ್ಲಿಂದ ಹೋಗಿದೆ ನೋಡು’ ಎಂದ. ವ್ಯಾಪಾರ ಹೆಚ್ಚಿತೇ ಎಂದು ಆ ತಾಯಿಯನ್ನು ನಾನು ಕೇಳಲಿಲ್ಲ. ಪರಿಷೆಯ ದಿನ ಹೇಗೂ ವ್ಯಾಪಾರ ಚೆನ್ನಾಗಿರುತ್ತದೆ. ಹಣತೆ ಹೇಗೆ ಮಾಡುತ್ತಾರೆಂದು ಜನ ಅವರನ್ನು ಕೇಳತೊಡಗಿದ್ದನ್ನು ಮಾತ್ರ ಕಣ್ಣಾರೆ ನೋಡಿದೆ.

ಮುಂದಿನದು ಬಿದ್ರಿ. ಇದಕ್ಕೆ ಅಂಗೈ ಅಗಲದ ಕಾಗದ ಸಾಲದು ಎಂಬ ಭಯವಿತ್ತು. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿದ ಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಕಾಣಿಸಲೆಂದು ಮೈಲುತುತ್ತದ ದ್ರಾವಣ ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಕೈಯಿಂದಲೇ ಚಿತ್ರ ಗೀಚಿ, ಚಾಣದಿಂದ ಕೊರೆಯುತ್ತಾರೆ. ಆ ಕೊರೆತದೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಮತ್ತೆ ಉಜ್ಜಿದರೆ ಕಪ್ಪು ಹೋಗಿ ಇಡೀ ವಸ್ತು ಬೂದಿ ಬೆಳ್ಳಗೆ ಕಾಣುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಎಂದು ಗೊತ್ತಾಗುವುದಿಲ್ಲ. ಕೊನೆಗೆ ವಸ್ತುವನ್ನು ಹದವಾಗಿ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚುತ್ತಾರೆ. ಸತುವಿನ ಮಿಶ್ರಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಹಚ್ಚಿ ಒರೆಸಿದರೆ ಕೆಲಸ ಮುಗಿಯಿತು. ಈ ಕಸುಬಿನ ಹಿರಿಯರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಬಿದ್ರಿಯ ಹೆಸರು ಕೇಳಿದವರು ಹೆಚ್ಚಿದ್ದಾರೆ. ಮೇಜಿನ ಮುಂದೆ ನಿಂತವರು ಮಾತ್ರ ಈಗಲೂ ಅದನ್ನು ಕಪ್ಪು ಬಣ್ಣ ಬಳಿದ ಪಾತ್ರೆಯೆಂದೇ ತಿಳಿಯುತ್ತಾರೆ. ಚೀಟಿಯಲ್ಲಿ ‘ಬೆಳ್ಳಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಬೆಳ್ಳಿಯೂ ಲೋಹವೂ ಒಂದೇ ಮಟ್ಟದಲ್ಲಿರುತ್ತವೆ’ ಎಂದು ಬರೆದೆ.

ತಯಾರಿಗೆ ಹಿಡಿದ ಗಂಟೆಗಳನ್ನೂ ನಮೂದಿಸೋಣವೇ ಎಂದು ಬಿದ್ರಿ ಕೆಲಸಗಾರರೊಬ್ಬರನ್ನು ಕೇಳಿದೆ. ಅವರು ಬೇಡವೆಂದರು. ‘ಗಂಟೆ ಬರೆದರೆ ಜನ ಕೂಲಿ ಲೆಕ್ಕ ಹಾಕ್ತಾರೆ ಮೇಡಂ. ಕಲಿಯೋಕೆ ಹಿಡಿದ ವರ್ಷಗಳು ಆ ಲೆಕ್ಕದೊಳಗೆ ಬರೋದಿಲ್ಲ.’ ಈ ಮಾತಿನ ನಂತರ ಯಾವ ಚೀಟಿಯಲ್ಲೂ ಸಮಯವನ್ನು ಬರೆಯಬಾರದೆಂದು ತೀರ್ಮಾನಿಸಿದೆ.

ಪುಷ್ಯ

ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ಕಲಾವಿದರು ಪಾದಚಾರಿ ಮಾರ್ಗದುದ್ದಕ್ಕೂ ತಮ್ಮ ಚಿತ್ರಗಳನ್ನು ತಾವೇ ಮಾರುವ ಒಂದು ದಿನದ ಜಾತ್ರೆಯದು. ಅಲ್ಲಿ ಚಿತ್ರ ಬರೆದವರು ಯಾರೆಂಬ ಪ್ರಶ್ನೆಗೆ ಅವಕಾಶವೇ ಇಲ್ಲ; ಸಹಿ ಕೆಳಗಿರುತ್ತದೆ, ಸಹಿ ಹಾಕಿದವರು ಪಕ್ಕದಲ್ಲಿರುತ್ತಾರೆ. ಕರಕುಶಲ ವಸ್ತುವಿಗೂ ಇಷ್ಟೇ ಸ್ಪಷ್ಟತೆ ಬೇಕೆನಿಸಿ, ಚೀಟಿಯ ಕೆಳಭಾಗದಲ್ಲಿ ಒಂದು ಖಾಲಿ ಸಾಲು ಸೇರಿಸಿದೆ. ಮಾಡಿದವರು ಇಷ್ಟವಿದ್ದರೆ ಅಲ್ಲಿ ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಬರೆಯಬಹುದು. ಮಧ್ಯವರ್ತಿಗಳು ಮಾರುವ ಮೇಜಿನಲ್ಲಿ ಆ ಸಾಲು ಖಾಲಿಯಾಗಿಯೇ ಇರುತ್ತದೆ. ಅದೂ ಕೊಳ್ಳುವವರಿಗೆ ಒಂದು ಮಾಹಿತಿಯೇ. ಇದೇ ಕಾರಣಕ್ಕೆ ಒಂದು ಪ್ರದರ್ಶನದ ಆಯೋಜಕರು ತಮ್ಮ ಆವರಣದಲ್ಲಿ ಚೀಟಿ ಇಡಲು ಅನುಮತಿ ಕೊಡಲಿಲ್ಲ.

ಈ ತಿಂಗಳ ಹೆಚ್ಚಿನ ಸಮಯ ಕಸೂತಿಗೆ ಹೋಯಿತು. ಧಾರವಾಡದ ಕಡೆಯಿಂದ ಬಂದ ಮಹಿಳೆಯೊಬ್ಬರ ಮೇಜಿನಲ್ಲಿ ಕಪ್ಪು ಇಳಕಲ್ ಸೀರೆಯ ಸೆರಗಿನ ಮೇಲಿನ ಗೋಪುರವನ್ನು ನಾನು ನೋಡುತ್ತಿದ್ದಾಗ ಅವರೇ ಹೇಳಿದರು: ‘ಮುಂದ ಎಲ್ಲಾರೂ ನೋಡ್ತಾರ್ರಿ ಅಕ್ಕಾರ, ಹೊಳ್ಳಿಸಿ ಹಿಂದ ನೋಡ್ರಿ.’ ಹಿಂದೆಯೂ ಅದೇ ಗೋಪುರ, ಎಲ್ಲಿಯೂ ಗಂಟಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ನೂಲಿನ ಎಳೆಗಳನ್ನು ಎಣಿಸುತ್ತಲೇ ಹೊಲಿಯುವ ಕೆಲಸವಿದು. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದರಂತೆ ಮುಂದೆ ಸಾಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರ್ಗಿ ಅದೇ ಹೊಲಿಗೆಯ ಮೆಟ್ಟಿಲು ರೂಪ. ಈ ಎರಡರಲ್ಲಿ ಮಾತ್ರ ಎರಡೂ ಬದಿ ಒಂದೇ ಆಗಿ ಕಾಣುತ್ತದೆ. ನೇಯ್ಗೆಯಂತೆ ಕಾಣುವ ನೇಗಿಯಲ್ಲಿ, ಕತ್ತರಿ ಹೊಲಿಗೆಯ ಮೆಂಥಿಯಲ್ಲಿ ಹಾಗಲ್ಲ. ಆದ್ದರಿಂದ ‘ಹಿಂಬದಿ ಮುಂಬದಿಯಂತೆಯೇ ಇದ್ದರೆ ಕೈಕಸೂತಿ’ ಎಂದು ಒಂದೇ ಮಾತಿನಲ್ಲಿ ಬರೆದರೆ ಮೆಂಥಿ ಹೊಲಿದವರಿಗೆ ಅನ್ಯಾಯವಾಗುತ್ತದೆ. ನಾಲ್ಕೂ ಹೊಲಿಗೆಗಳ ಹಿಂಬದಿ ಹೇಗಿರುತ್ತದೆಂದು ಸಣ್ಣ ಚಿತ್ರಗಳಲ್ಲಿ ತೋರಿಸಿ, ಯಂತ್ರದ ಹೊಲಿಗೆಯ ಹಿಂದೆ ಕಾಣುವ ಬಿಗಿಯಾದ ಎರಡನೇ ದಾರದ ಗುರುತನ್ನೂ ಸೇರಿಸಿದ್ದೇನೆ. ಇಲ್ಲಿಯವರೆಗಿನ ಚೀಟಿಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ.

ಈಗ ಕೈಯಲ್ಲಿರುವುದು

ಸಂಡೂರಿನ ಲಂಬಾಣಿ ಕಸೂತಿಯ ಟಿಪ್ಪಣಿಗಳು ಸಿದ್ಧವಾಗಿವೆ. 2023ರಲ್ಲಿ ಹಂಪಿಯ ಜಿ20 ಸಭೆಯ ವೇಳೆ ಅಲ್ಲಿನ ಮಹಿಳೆಯರ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿದ್ದು ಎಲ್ಲರಿಗೂ ಗೊತ್ತು. ಚೀಟಿಯಲ್ಲಿ ದಾಖಲೆಗೆ ಜಾಗವಿಲ್ಲ, ಕನ್ನಡಿಯ ಸುತ್ತ ದಾರ ಹಿಡಿದು ನಿಲ್ಲಿಸುವ ಹೊಲಿಗೆಗೆ ಇದೆ. ನವಲಗುಂದದ ಜಮಖಾನವನ್ನು ಮನೆಯ ಹೆಣ್ಣುಮಕ್ಕಳೇ ನಿಲುಮಗ್ಗದಲ್ಲಿ ನೇಯುತ್ತಾರಾದ್ದರಿಂದ, ಆ ಮಗ್ಗವನ್ನು ನೋಡಿದ ಮೇಲೆಯೇ ಬರೆಯಬೇಕು.

ಕೈಮಗ್ಗದ ಬಟ್ಟೆಯ ಚೀಟಿಯಲ್ಲಿ ತೆರಿಗೆಯ ವಿಷಯ ಬರೆಯಬೇಕೆಂದು ಕೆಲವು ಗೆಳೆಯರ ಸಲಹೆ. ಕೈಯಿಂದ ಮಾಡಿದ ವಸ್ತುಗಳಿಗೆ ಶೂನ್ಯ ತೆರಿಗೆ ಬೇಕೆಂದು ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಇದೇ ನಗರದಲ್ಲಿ ಉಪವಾಸ ಕುಳಿತಿದ್ದರು. ಆ ಬೇಡಿಕೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೂ ಚೀಟಿಯು ವಸ್ತುವಿನ ಬಗ್ಗೆಯೇ ಮಾತನಾಡಲಿ ಎಂಬ ನಿಯಮವನ್ನು ಸಡಿಲಿಸುವುದಿಲ್ಲ. ಅದರ ಬದಲು ಹೆಗ್ಗೋಡಿನ ‘ಚರಕ’ ಎಂಬ ಕೈಮಗ್ಗ ಸಂಸ್ಥೆಯವರು ಬಳಸುವ ಅಡಿಕೆ ಚೊಗರಿನ ಬಣ್ಣದ ಬಗ್ಗೆ ಎರಡು ಸಾಲು ಬರೆಯುತ್ತೇನೆ.

ಚೀಟಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಿಕೊಳ್ಳಬಹುದು. ಮುಂದಿನ ಮುದ್ರಣಕ್ಕೆ ಮುನ್ನ ಬಿದಿರಿನ ಮೊರದ ಕರಡನ್ನು ಮೇದರ ಕುಟುಂಬವೊಂದಕ್ಕೆ ಓದಿ ಹೇಳಬೇಕಾಗಿದೆ. ಬಿದಿರಿನ ಹೊರಸಿಪ್ಪೆಯ ಸೀಳು ಮತ್ತು ಒಳತಿರುಳಿನ ಸೀಳುಗಳಲ್ಲಿ ಯಾವುದನ್ನು ಎಲ್ಲಿ ಹೆಣೆಯುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ, ‘ಎಲ್ಲಿ ನೋಡಬೇಕು’ ಎಂಬ ಸಾಲನ್ನು ಆಮೇಲೆ ತುಂಬುತ್ತೇನೆ.