ಉಕ್ಕಿದ ಹಾಲು, ಕಪ್ಪು ಗಾಜು

ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲು ಉಕ್ಕಬೇಕು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಉಕ್ಕಿದ ಹಾಲನ್ನು ಆಮೇಲೆ ಒರೆಸಬೇಕಾದವರು ಯಾರು ಎಂಬುದನ್ನು ಮಾತ್ರ ಯಾವ ಪುರೋಹಿತರೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಹಾಲು ಪೂರ್ವಕ್ಕೇ ಉಕ್ಕಿತೆಂದು ಹಿರಿಯರು ಸಂತೋಷಪಟ್ಟರು. ಪಾತ್ರೆಯ ಅಂಚಿನಿಂದ ಇಳಿದ ಹಾಲು ಬರ್ನರಿನ ಸುತ್ತ ಹರಡಿ, ಅಲ್ಲಿಯೇ ಸೀದು, ಕಂದು ಬಣ್ಣದ ಒಂದು ನಕ್ಷೆಯಾಗಿ ಉಳಿಯಿತು. ನೋಡಲು ಚೆಂದವಾಗಿದೆ ಎಂಬ ಒಂದೇ ಕಾರಣಕ್ಕೆ ಹಿಂದಿನ ವಾರವಷ್ಟೇ ಕೊಂಡು ತಂದ, ಕಪ್ಪು ಗಾಜಿನ ಮೂರು ಬರ್ನರ್ ಒಲೆ ಅದು.

ನೆಂಟರು ತುಂಬಿದ ಮನೆಯಲ್ಲಿ ಒಲೆ ಒರೆಸಲು ಯಾರಿಗೂ ಪುರುಸೊತ್ತಿರಲಿಲ್ಲ. ಮೂರು ದಿನ ಅದರ ಮೇಲೆಯೇ ಕಾಫಿ ಕುದಿಯಿತು, ಚಿತ್ರಾನ್ನದ ಒಗ್ಗರಣೆ ಸಿಡಿಯಿತು, ಹೋಳಿಗೆಯ ಹೂರಣಕ್ಕೆ ಕಾಯಿಸಿದ ಬೆಲ್ಲ ಎರಡು ಕಡೆ ತೊಟ್ಟಿಕ್ಕಿತು. ಸೋಮವಾರ ನೆಂಟರೆಲ್ಲ ಹೊರಟು, ಹೆಂಡತಿಯೂ ಆಫೀಸಿಗೆ ಹೋದ ಮೇಲೆ, ಒಂದು ದಿನದ ರಜೆ ಉಳಿಸಿಕೊಂಡಿದ್ದ ನಾನೂ ಊರಿನಿಂದ ಬಂದು ಉಳಿದಿದ್ದ ಅಮ್ಮನೂ ಆ ಒಲೆಯ ಮುಂದೆ ನಿಂತೆವು. ಕಪ್ಪು ಬಣ್ಣ ಕೊಳೆಯನ್ನು ಮುಚ್ಚುತ್ತದೆ ಎಂದು ಅಂಗಡಿಯಲ್ಲಿ ನಾನು ವಾದಿಸಿದ್ದೆ. ಆದರೆ ಕಪ್ಪು ಗಾಜು ಮುಚ್ಚುವುದು ಮಸಿಯೊಂದನ್ನೇ. ಹಾಲಿನ ಕಲೆ, ಎಣ್ಣೆಯ ಜಿಡ್ಡು, ಬೆರಳಿನ ಗುರುತು, ಒಣಗಿದ ನೀರಿನ ಹನಿ, ಎಲ್ಲವನ್ನೂ ಅದು ಎತ್ತಿ ತೋರಿಸುತ್ತದೆ.

"ಒಂದು ಹಿಡಿ ಬೂದಿ, ಒಂದು ತುಂಡು ತೆಂಗಿನ ನಾರು ಇದ್ದಿದ್ರೆ ಇದೇನು ಕೆಲ್ಸ ಕಣೋ" ಎಂದರು ಅಮ್ಮ. ಬೂದಿ ಇಲ್ಲದ ಮನೆಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬರ್. ಎಡಗಡೆಯ ಬರ್ನರಿನ ಪಕ್ಕದಲ್ಲಿ ನಾಲ್ಕೈದು ಸಲ ಜೋರಾಗಿ ಉಜ್ಜಿ, ನೀರು ಹಾಕಿ ಒರೆಸಿ ನೋಡಿದಾಗ, ಹಾಲಿನ ಕಲೆ ಅರ್ಧ ಹೋಗಿತ್ತು. ಅದರ ಜಾಗದಲ್ಲಿ ಕೂದಲೆಳೆಯಂತಹ ಗೀರುಗಳು ಕಮಾನಿನಾಕಾರದಲ್ಲಿ ಮೂಡಿದ್ದವು. ಅಮ್ಮ ಏನೂ ಹೇಳದೆ ಸ್ಕ್ರಬರನ್ನು ನನ್ನ ಕೈಯಿಂದ ತೆಗೆದು ಸಿಂಕಿನಲ್ಲಿಟ್ಟರು. ಬೂದಿಯಿದ್ದರೂ ಇದೇ ಪಾಡಾಗುತ್ತಿತ್ತೇನೋ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಗಾಜು ಸುಮಾರು 5.5ರ ಹತ್ತಿರವಿದ್ದರೆ ಮರಳಿನ ಕಣ 7ರಲ್ಲಿದೆ, ಒಲೆಯ ಬೂದಿಯಲ್ಲಿ ಮಣ್ಣು ಮರಳು ಸೇರದೆ ಇರುವುದಿಲ್ಲ. ಅಡುಗೆ ಸೋಡಾ ಅದೇ ಮಾಪಕದಲ್ಲಿ 2.5ರ ಆಸುಪಾಸಿನದು, ಕಲೆಯನ್ನು ತಿಕ್ಕುವಷ್ಟು ತರಿ ಅದಕ್ಕಿದೆ, ಗಾಜನ್ನು ಗೀರುವಷ್ಟಿಲ್ಲ.

ಹಾಗಾಗಿ ಸೋಡಾದ ಡಬ್ಬಿ ಹೊರಬಂತು. ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಮೊಬೈಲಿನಲ್ಲಿ ಎಲ್ಲರೂ ಮಾಡಿ ತೋರಿಸುವಂತೆ ಸೋಡಾ ಉದುರಿಸಿ ಅದರ ಮೇಲೆ ವಿನೆಗರ್ ಸುರಿದೆ. ಬುಸುಬುಸು ನೊರೆ ಎದ್ದಾಗ ಅಮ್ಮನೂ ಬಗ್ಗಿ ನೋಡಿದರು. ನೊರೆ ಇಳಿದ ಮೇಲೆ ಕಲೆ ಇದ್ದಲ್ಲಿಯೇ ಇತ್ತು. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದು, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹಾರಿಹೋಗಿ, ಸೋಡಿಯಂ ಅಸಿಟೇಟ್ ಕರಗಿದ ಉಪ್ಪುನೀರಷ್ಟೇ ಉಳಿಯುತ್ತದೆ. ಶಾಲೆಯಲ್ಲಿ ಓದಿದ್ದ ಈ ಪಾಠ ಅಡುಗೆಮನೆಯಲ್ಲಿ ನನಗೆ ನೆನಪಾಗಿರಲಿಲ್ಲ.

ಮತ್ತೆ ಮೊದಲಿನಿಂದ ಶುರುಮಾಡಿದೆವು. ರೆಗ್ಯುಲೇಟರ್ ಬಂದ್ ಮಾಡಿ, ಪಾತ್ರೆ ಇಡುವ ಸ್ಟ್ಯಾಂಡುಗಳನ್ನೂ ಬರ್ನರುಗಳನ್ನೂ ಎತ್ತಿಟ್ಟು, ಸೋಡಾಕ್ಕೆ ಒಂದೆರಡು ಚಮಚ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್‌ನ ನಾಲ್ಕು ಹನಿ ಸೇರಿಸಿ, ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ ಕಲೆಗಳ ಮೇಲೆ ಬಳಿದೆ. ಅದರ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಪಂಚೆಯ ತುಂಡನ್ನು ಹೊದಿಸಿ ಅರ್ಧ ಗಂಟೆ ಬಿಡಬೇಕೆಂದು ಹೇಳಿದವರು ಅಮ್ಮ. ತಳ ಹಿಡಿದ ಪಾತ್ರೆಯನ್ನು ರಾತ್ರಿಯಿಡೀ ನೆನೆಹಾಕುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಟ್ಟೆ ಎತ್ತಿದಾಗ ಬೆಲ್ಲದ ತೊಟ್ಟುಗಳು ಕರಗಿಯೇ ಹೋಗಿದ್ದವು. ಸೀದ ಹಾಲು ಮೆತ್ತಗಾಗಿ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚನ್ನು ಓರೆಯಾಗಿ ಹಿಡಿದು ತಳ್ಳಿದರೆ, ಹಪ್ಪಳದ ಹಿಟ್ಟಿನಂತೆ ಸುರುಳಿ ಸುತ್ತಿಕೊಂಡು ಎದ್ದುಬರುತ್ತಿತ್ತು. ಎಟಿಎಂ ಕಾರ್ಡು ಇಷ್ಟು ಉಪಯೋಗಕ್ಕೆ ಬಂದದ್ದು ಅದರ ಆಯುಷ್ಯದಲ್ಲಿಯೇ ಮೊದಲ ಸಲವಿರಬೇಕು.

ಹಠ ಹಿಡಿದದ್ದು ಒಗ್ಗರಣೆಯ ಎಣ್ಣೆ. ಸಿಡಿದ ಎಣ್ಣೆ ಗಾಳಿಗೆ ತೆರೆದುಕೊಂಡು ಮತ್ತೆ ಮತ್ತೆ ಕಾದಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ವಾರ್ನಿಶ್‌ನಂತಹ ಪದರವಾಗುತ್ತವೆ. ಕಬ್ಬಿಣದ ದೋಸೆ ಕಾವಲಿಯನ್ನು ಪಳಗಿಸುವಾಗ ನಾವು ಬೇಕೆಂದೇ ಬರಿಸಿಕೊಳ್ಳುವ ಪದರವೂ ಇದೇ. ಈ ಹಳದಿ ಚುಕ್ಕೆಗಳಿಗೆ ಅದೇ ಸೋಡಾವನ್ನು ಇನ್ನೂ ಎರಡು ಸಲ ಬಳಿದು ನೆನೆಸಬೇಕಾಯಿತು. ಅಷ್ಟರಲ್ಲಿ ಅಮ್ಮ ಬರ್ನರಿನ ಹಿತ್ತಾಳೆ ಮುಚ್ಚಳಗಳಿಗೆ ಹುಣಸೆಹಣ್ಣು, ಉಪ್ಪು ಹಚ್ಚಿ ದೇವರ ದೀಪದಂತೆ ಬೆಳಗಿಬಿಟ್ಟಿದ್ದರು. ತೂತುಗಳಲ್ಲಿ ಸಿಕ್ಕಿಕೊಂಡ ಹಾಲಿನ ಕರಕನ್ನು ಹೊಲಿಗೆ ಸೂಜಿಯಿಂದ ಒಂದೊಂದಾಗಿ ತೆಗೆದದ್ದೂ ಅವರೇ. ನೀರಿನ ಪಸೆ ಉಳಿದರೆ ಉರಿ ಸರಿಯಾಗಿ ಬರುವುದಿಲ್ಲವಾದ್ದರಿಂದ ಅವನ್ನು ಬಿಸಿಲಿಗೆ ಇಟ್ಟೆವು.

ಸೋಡಾ ತೊಳೆದು ಒಣಗಿದ ಮೇಲೆ ಗಾಜಿನ ತುಂಬ ಮಂಜು ಕವಿದಂತೆ ಬಿಳಿ ಛಾಯೆ ಉಳಿಯಿತು. ನಮ್ಮ ಬಡಾವಣೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಬಕೆಟ್ಟಿನ ಅಂಚಿನಲ್ಲಿ ದಿನವೂ ಕಾಣುವ ಪೊರೆಯೇ ಇಲ್ಲಿಯೂ ಕಾಣಿಸಿಕೊಂಡಿತ್ತು. ಬೆಳಿಗ್ಗೆ ದಂಡವಾಗಿದ್ದ ವಿನೆಗರ್ ಈಗ ಒಂಟಿಯಾಗಿ ಕೆಲಸಕ್ಕೆ ಬಂತು. ಸಮ ನೀರು ಬೆರೆಸಿ, ಮೆತ್ತನೆಯ ಬಟ್ಟೆಯಲ್ಲಿ ಸವರಿ, ಇನ್ನೊಂದು ಒಣಬಟ್ಟೆಯಿಂದ ಒರೆಸಿದಾಗ, ಗಾಜಿನೊಳಗೆ ಅಡುಗೆಮನೆಯ ಕಿಟಕಿ, ಅದರಾಚೆಯ ನುಗ್ಗೆಮರ, ಬಗ್ಗಿ ನೋಡುತ್ತಿದ್ದ ನನ್ನ ಮುಖ, ಎಲ್ಲವೂ ಕಂಡವು. ಎಡಗಡೆಯ ಗೀರುಗಳೂ ಕಂಡವು.

ಊರಿನಲ್ಲಿ ಮಣ್ಣಿನ ಒಲೆಯಿದ್ದ ಕಾಲದಲ್ಲಿ ಅಮ್ಮ ಅದನ್ನು ಸಾರಿಸಿದ ಮೇಲೆ ಎರಡೆಳೆ ರಂಗೋಲಿ ಇಡದೆ ಏಳುತ್ತಿರಲಿಲ್ಲ. ಈಗಲೂ ದೇವರ ಮನೆಯಿಂದ ರಂಗೋಲಿ ಬಟ್ಟಲು ಹಿಡಿದು ಬಂದರು.

"ಅಮ್ಮ, ಅದೂ ಕಲ್ಲಿನ ಪುಡಿನೇ. ಒರೆಸೋವಾಗ ಮತ್ತೆ ಗೀರು ಬೀಳುತ್ತೆ."

ಅವರು ಬಟ್ಟಲನ್ನೂ ಒಲೆಯನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಅಕ್ಕಿಹಿಟ್ಟಿನ ಡಬ್ಬಿ ತಂದರು. ಎಡಗಡೆಯ ಬರ್ನರಿನ ಪಕ್ಕದಲ್ಲಿ, ಸರಿಯಾಗಿ ನಾನು ಗೀರಿದ್ದ ಜಾಗದ ಮೇಲೆಯೇ, ಪುಟ್ಟದೊಂದು ಎಂಟೆಸಳಿನ ಪದ್ಮ ಬರೆದರು.