ಕರಿಬೂದಿಯ ಹೊಲ, ಬಿಳಿ ಮನೆ: ಲಾನ್ಸರೋಟೆಯಲ್ಲಿ ಒಂದು ದಿನ

ಲಾನ್ಸರೋಟೆಯ ಲಾ ಹೆರಿಯಾದಲ್ಲಿ ಒಂದು ದ್ರಾಕ್ಷಿ ಬಳ್ಳಿಗೆ ಒಂದು ಗುಂಡಿ. ಗುಂಡಿ ಅಂದರೆ ಸಣ್ಣದಲ್ಲ, ಕೆಲವು ಒಂದಾಳು ಮುಳುಗುವಷ್ಟು ಆಳ. ಸುತ್ತ ಎಲ್ಲಿ ನೋಡಿದರೂ ಕಪ್ಪು ಹರಳು. ಗುಂಡಿಯ ಒಂದು ಕಡೆ ಅರ್ಧಚಂದ್ರದ ಹಾಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ. ತಳದಲ್ಲಿ ನೆಲಕ್ಕೆ ಅಂಟಿಕೊಂಡು ಹಸಿರು ಬಳ್ಳಿ. ಇಂಥವು ಒಂದಲ್ಲ ಎರಡಲ್ಲ, ಗುಡ್ಡದ ಮೇಲಿನವರೆಗೂ ಸಾಲುಸಾಲು.

"ಇಷ್ಟು ಗುಂಡಿ ತೋಡೋಕೆ ಯಾರಿಗಯ್ಯಾ ತಾಳ್ಮೆ?" ಅಂದರು ಭಾವ. ಅವರಿಗೆ ಬೆಳಗ್ಗೆಯೇ ಬೀಚಿಗೆ ಹೋಗಬೇಕಿತ್ತು. ಅಕ್ಕ ಬಿಡಲಿಲ್ಲ.

ಲಾನ್ಸರೋಟೆ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದು. ನಕ್ಷೆಯಲ್ಲಿ ನೋಡಿದರೆ ಆಫ್ರಿಕಾಕ್ಕೇ ಹತ್ತಿರ, ಕರಾವಳಿಯಿಂದ ಸುಮಾರು 125 ಕಿ.ಮೀ. ಅಷ್ಟೇ. ಮಳೆ ವರ್ಷಕ್ಕೆ 150 ಮಿ.ಮೀ. ಆದರೆ ಅದೇ ಜಾಸ್ತಿ. ನದಿ ಇಲ್ಲ, ಹೊಳೆ ಇಲ್ಲ. ಇನ್ನು ಗಾಳಿ, ಅದು ನಿಲ್ಲುವುದೇ ಇಲ್ಲ. ಅಕ್ಕ ಭಾವ ಜರ್ಮನಿಯಲ್ಲಿದ್ದಾರೆ. ಅವರ ಜೊತೆ ಮೇ ತಿಂಗಳಲ್ಲಿ ನಾನೂ ಹೋಗಿದ್ದೆ. ಅಲ್ಲಿ ಸುತ್ತಿದ್ದೆಲ್ಲ ಬರೆಯಲು ಹೋದರೆ ಉದ್ದವಾಗುತ್ತದೆ. ಈ ಒಂದು ದಿನದ್ದು ಮಾತ್ರ ಹೇಳುತ್ತೇನೆ, ಉಳಿದದ್ದು ನೆನಪಾದಾಗ ಮಧ್ಯೆ ಬರಲಿ.

ನಾವು ಉಳಿದಿದ್ದು ಊಗಾ ಅನ್ನುವ ಹಳ್ಳಿಯಲ್ಲಿ, ಒಂದು ಹಳೇ ರೈತರ ಮನೆಯಲ್ಲಿ. ಸಮುದ್ರ ತೀರದ ಊರುಗಳಲ್ಲಿ ದೊಡ್ಡ ದೊಡ್ಡ ರೆಸಾರ್ಟುಗಳಿವೆ, ಪ್ಯಾಕೇಜೂ ಸಿಗುತ್ತದೆ. ಅದು ಬೇಡ, ಹಳ್ಳಿಯಲ್ಲೇ ಇರೋಣ ಅಂದಿದ್ದು ಅಕ್ಕನೇ. ಊಗಾದಲ್ಲಿ ಒಂಟೆಗಳನ್ನು ಸಾಕುತ್ತಾರೆ. ಹಿಂದೆ ಹೊಲ ಉಳುತ್ತಿದ್ದ ಒಂಟೆಗಳು ಈಗ ತಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರನ್ನು ಹೊರುತ್ತವೆ. ಹಳ್ಳಿಯ ಮನೆಗಳೆಲ್ಲ ಸುಣ್ಣದಷ್ಟು ಬಿಳಿ, ಬಾಗಿಲು ಕಿಟಕಿ ಹಸಿರು. ಸಮುದ್ರದ ಕಡೆ ಹೋದರೆ ಅದೇ ಬಾಗಿಲು ನೀಲಿ ಆಗುತ್ತದೆ. ಎರಡು ಅಂತಸ್ತಿಗಿಂತ ಎತ್ತರದ ಮನೆ ನನ್ನ ಕಣ್ಣಿಗೆ ಬೀಳಲಿಲ್ಲ. ರಸ್ತೆ ಬದಿಯಲ್ಲಿ ಜಾಹೀರಾತಿನ ಬೋರ್ಡೂ ಇಲ್ಲ. ಏನೋ ಕಡಿಮೆ ಇದೆಯಲ್ಲ ಅಂತ ಅನಿಸುತ್ತಿತ್ತು, ಏನು ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮ ಮನೆಯ ಯಜಮಾನಿ ಅರವತ್ತು ದಾಟಿದ ಹೆಂಗಸು. ಒಳಗೆ ಕಮಾನು ಚಾವಣಿಯ ಒಂದು ತಂಪು ಕೋಣೆ ಇತ್ತು, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಈಗ ಅಲ್ಲಿ ಎರಡು ಕುರ್ಚಿ, ಒಂದು ದೀಪ, ಒಂದಷ್ಟು ಪುಸ್ತಕ. ಅವರ ಅಜ್ಜಿಯ ಕಾಲದಲ್ಲಿ ಅದು ನೀರಿನ ತೊಟ್ಟಿ. ಚಾವಣಿ, ಅಂಗಳ ಎಲ್ಲವನ್ನೂ ಇಳಿಜಾರು ಮಾಡಿ, ಬಿದ್ದ ಒಂದೊಂದು ಹನಿಯೂ ಅಲ್ಲಿಗೇ ಬರುವ ಹಾಗೆ ಕಟ್ಟಿದ್ದರು. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ದ್ವೀಪಕ್ಕೆ ಬಂದದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಎಷ್ಟೋ ಮನೆಗಳಿಗೆ ಇಂಥ ತೊಟ್ಟಿಯೇ ಗತಿ. ಗೋಡೆಯ ಗಾರೆಯ ಮೇಲೆ ನೀರು ನಿಂತ ಗೆರೆಗಳು ಇನ್ನೂ ಇವೆ. ಒಂದರ ಕೆಳಗೆ ಒಂದು, ಕೊನೆಯದು ಪಾದದ ಹತ್ತಿರ. ಯಾವ ವರ್ಷ ಎಷ್ಟಕ್ಕೆ ಇಳಿದಿತ್ತೋ. ರೂಮು ಬುಕ್ ಮಾಡುವಾಗ ಫೋಟೋದಲ್ಲಿ ಈಜುಕೊಳ ಹುಡುಕಿದ್ದೆ ನಾನು. ಇದನ್ನು ನೋಡಿದ ಮೇಲೆ ಅದರ ಮಾತೇ ಎತ್ತಲಿಲ್ಲ.

ಬೆಳಗ್ಗೆ ತಿಂಡಿಗೆ ಬ್ರೆಡ್ಡು, ಮೇಕೆ ಹಾಲಿನ ಗಿಣ್ಣು, ಟೊಮೆಟೊ. ಗಿಣ್ಣು ಅಂದೆ, ಅವರ ಲೆಕ್ಕದಲ್ಲಿ ಅದು ಚೀಸು. ಬೆಳ್ಳಗೆ, ಮೆತ್ತಗೆ, ಸ್ವಲ್ಪ ಉಪ್ಪು. ಜೊತೆಗೆ ಕಾಫಿ. ಗಾಜಿನ ಲೋಟದ ತಳದಲ್ಲಿ ಕಂಡೆನ್ಸ್ಡ್ ಮಿಲ್ಕು, ಮೇಲೆ ಡಿಕಾಕ್ಷನ್, ಅದರ ಮೇಲೆ ಇನ್ನಷ್ಟು ಹಾಲು. ಇದಕ್ಕೆ ಅಲ್ಲಿ ಲೆಚೆ ಇ ಲೆಚೆ ಅನ್ನುತ್ತಾರೆ. ಬಿಟ್ಟಿದ್ದರೆ ಭಾವ ಮಧ್ಯಾಹ್ನದವರೆಗೂ ಅದನ್ನೇ ಕುಡಿಯುತ್ತಿದ್ದರು.

ಊಗಾದಿಂದ ಲಾ ಹೆರಿಯಾಕ್ಕೆ ಕಾರಿನಲ್ಲಿ ಕೆಲವೇ ನಿಮಿಷ. ಈ ಗುಂಡಿಗಳ ಕಥೆ ಶುರುವಾಗುವುದು 1730ರ ಸೆಪ್ಟೆಂಬರ್ 1ರ ರಾತ್ರಿ. ಒಂಬತ್ತು ಹತ್ತು ಗಂಟೆಯ ನಡುವೆ ನೆಲ ಬಾಯಿ ಬಿಟ್ಟಿತು ಅಂತ ಯಾಯಿಸಾ ಊರಿನ ಪಾದ್ರಿ ಅಂದ್ರೆಸ್ ಲೊರೆಂಜೊ ಕುರ್ಬೆಲೊ ಬರೆದಿಟ್ಟಿದ್ದಾನೆ. ಜ್ವಾಲಾಮುಖಿ 1736ರವರೆಗೂ ಆರಲಿಲ್ಲ. ದ್ವೀಪದ ಕಾಲು ಭಾಗ ಲಾವಾದಡಿ ಹೋಯಿತು. ಹಳ್ಳಿಗಳೂ ಹೋದವು, ಒಳ್ಳೆಯ ಗೋಧಿ ಬೆಳೆಯುತ್ತಿದ್ದ ಹೊಲಗಳೂ ಹೋದವು. ಅದರಾಚೆಗೂ ಬೂದಿ ಹರಳು ಬಿದ್ದು ಎಲ್ಲ ಕಪ್ಪಾಯಿತು.

ಆಮೇಲೆ ಒಂದು ವಿಚಿತ್ರ ಆಯಿತು. ಹರಳು ತೆಳ್ಳಗೆ ಬಿದ್ದ ಕಡೆ ಪೈರು ಮೊದಲಿಗಿಂತ ಚೆನ್ನಾಗಿ ಬಂತು. ಪಿಕೋನ್ ಅನ್ನುವ ಈ ಹರಳನ್ನು ಕೈಯಲ್ಲಿ ಹಿಡಿದು ನೋಡಿದೆ. ಹಗುರ, ಮೈಯೆಲ್ಲ ತೂತು. ರಾತ್ರಿಯ ಇಬ್ಬನಿಯನ್ನು ಹೀರಿ ಕೆಳಗಿನ ಮಣ್ಣಿಗೆ ಬಿಡುತ್ತದೆ. ಹಗಲಲ್ಲಿ ಆ ತೇವ ಆರದಂತೆ ಮುಚ್ಚಿಕೊಂಡು ಕೂರುತ್ತದೆ. ಭಾವ ಪಕ್ಕದಲ್ಲೇ ಚಪ್ಪಲಿಯ ತುದಿಯಿಂದ ಕೆದಕಿದರು. ನಾಲ್ಕು ಬೆರಳು ಕೆಳಗೆ ಹರಳು ಒದ್ದೆ! ಮೇಲೆ ಬರಿಗಾಲಿಡಲು ಆಗದಷ್ಟು ಸುಡುತ್ತಿತ್ತು. ರೈತರು ಇದನ್ನು ಗಮನಿಸಿದರು. ಹರಳು ದಪ್ಪಗೆ ಬಿದ್ದ ಕಡೆ ಹಳೇ ಮಣ್ಣು ಸಿಗುವವರೆಗೂ ಗುಂಡಿ ತೋಡಿ ಬಳ್ಳಿ ನೆಟ್ಟರು. ಬೀಳದ ಕಡೆ ತಾವೇ ಹರಳು ಹೊತ್ತು ತಂದು ಹೊಲಕ್ಕೆ ಹಾಸಿದರು. ಗಾಳಿ ಬೀಸುವ ಕಡೆಗೆ ಆ ಅರ್ಧಚಂದ್ರದ ಗೋಡೆ ಕಟ್ಟಿದರು. ಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ, ಬರೀ ಜೋಡಣೆ.

ಇಲ್ಲಿ ಯಂತ್ರ ಇಳಿಸುವ ಹಾಗಿಲ್ಲ. ಸವರುವುದು, ಕೊಯ್ಯುವುದು ಎಲ್ಲ ಕೈಯಲ್ಲೇ, ಬಗ್ಗಿಕೊಂಡೇ. ಜುಲೈ ಆಗಸ್ಟಿಗೆಲ್ಲ ಕೊಯ್ಲು, ಯುರೋಪಿನಲ್ಲಿ ಎಲ್ಲರಿಗಿಂತ ಮೊದಲ ಸಾಲಿನಲ್ಲಿ. ಜಾಗಕ್ಕೆ ಹೋಲಿಸಿದರೆ ಹಣ್ಣು ಸಿಗುವುದು ಬಹಳ ಕಡಿಮೆ. ಅದಕ್ಕೇ ವೈನು ಅಗ್ಗವಲ್ಲ. ಬೆಲೆ ನೋಡಿ ಮೊದಲು ಮುಖ ಸಿಂಡರಿಸಿದ್ದೆ. ಆ ಗುಂಡಿಗಳನ್ನು ನೋಡಿ ಬಂದ ಮೇಲೆ ಚೌಕಾಸಿ ಮನಸ್ಸೇ ಬರಲಿಲ್ಲ.

ಎಲ್ ಗ್ರೀಫೊ ಅನ್ನುವ ವೈನರಿಗೆ ಹೋದೆವು. 1775ರಿಂದ ನಡೆಯುತ್ತಿದೆ. ನಾವು ಕುಡಿದದ್ದು ಮಲ್ವಸೀಯಾ ದ್ರಾಕ್ಷಿಯ ಸಿಹಿಯಿಲ್ಲದ ಬಿಳಿ ವೈನು. ಜ್ವಾಲಾಮುಖಿಯ ರುಚಿ ಬರುತ್ತೆ ಅಂತ ಪಕ್ಕದ ಟೇಬಲ್ಲಿನವರು ಹೇಳಿಕೊಳ್ಳುತ್ತಿದ್ದರು. ನನಗೆ ಹಾಗೇನೂ ಗೊತ್ತಾಗಲಿಲ್ಲ. ಹೂವಿನ ವಾಸನೆ, ನಾಲಗೆಯ ಕೊನೆಯಲ್ಲಿ ಸ್ವಲ್ಪ ಉಪ್ಪುಪ್ಪು. ಅಷ್ಟು ಗೊತ್ತಾಯಿತು, ಇಷ್ಟವಾಯಿತು. ಅಕ್ಕ ವೈನ್ ಕುಡಿಯುವುದಿಲ್ಲ, ಬಾಟಲಿಯ ಮೇಲಿನ ಹದ್ದು ಸಿಂಹದ ಚಿತ್ರ ನೋಡುತ್ತಾ ಕೂತಿದ್ದಳು. ಅದನ್ನು ಬರೆದವನು ಸೆಸಾರ್ ಮನ್ರಿಕೆ.

ಈ ಹೆಸರು ತಪ್ಪಿಸಿಕೊಂಡು ಲಾನ್ಸರೋಟೆ ನೋಡಲು ಸಾಧ್ಯವೇ ಇಲ್ಲ. ಮನ್ರಿಕೆ 1919ರಲ್ಲಿ ದ್ವೀಪದ ಮುಖ್ಯ ಊರಾದ ಅರೆಸೀಫೆಯಲ್ಲಿ ಹುಟ್ಟಿದ ಕಲಾವಿದ. ನ್ಯೂಯಾರ್ಕಿನಲ್ಲಿದ್ದು 1966ರಲ್ಲಿ ಊರಿಗೆ ವಾಪಸ್ ಬಂದ. ಆಗಷ್ಟೇ ಪ್ರವಾಸೋದ್ಯಮ ಕಾಲಿಡುತ್ತಿತ್ತು. ದ್ವೀಪದ ಆಡಳಿತ ನಡೆಸುತ್ತಿದ್ದ ಪೆಪೀನ್ ರಮೀರೆಜ್ ಅವನ ಗೆಳೆಯ. ಇಬ್ಬರೂ ಸೇರಿ, ಇನ್ನೂ ಹಲವರ ಕೈ ಜೋಡಿಸಿ, ಎತ್ತರದ ಕಟ್ಟಡ ಬೇಡ, ಬೋರ್ಡು ಬೇಡ ಅಂತ ಹಟ ಹಿಡಿದರು. ಹಿಂದಿನ ದಿನ ನಾವು ತಿಮಾನ್‌ಫಾಯಾದಲ್ಲಿ ಊಟ ಮಾಡಿದ ಎಲ್ ದಿಯಾಬ್ಲೊ ಹೋಟೆಲೂ ಅವನ ವಿನ್ಯಾಸವೇ, 1970ರದ್ದು. ಅಲ್ಲಿ ಕೋಳಿ ಸುಡಲು ಒಲೆಯೇ ಬೇಕಿಲ್ಲ. ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ಜಾಲರಿ, ಭೂಮಿಯ ಕಾವಿಗೇ ಕೋಳಿ ಬೇಯುತ್ತದೆ. ಭಾವ ಕೋಳಿ ತಿಂದರು. ಅಕ್ಕ ಬಾವಿಯ ಪಕ್ಕ ನಿಂತು ಕೈ ಕಾಯಿಸಿಕೊಂಡಳು. ಹಮೆಯೊಸ್ ದೆಲ್ ಆಗ್ವಾ ಅನ್ನುವ ಲಾವಾ ಗುಹೆಯೂ ಚೆಂದವೇ. ಒಳಗಿನ ಉಪ್ಪುನೀರ ಕೊಳದಲ್ಲಿ ಬೆರಳ ಉಗುರಿನಷ್ಟಿರುವ ಕುರುಡು ಬಿಳಿ ಏಡಿಗಳಿವೆ, ನಾಣ್ಯ ಹಾಕಿದರೆ ಲೋಹದ ತುಕ್ಕಿಗೆ ಸಾಯುತ್ತವೆ ಅಂತ ಬೋರ್ಡು ಹಾಕಿದ್ದಾರೆ. ಆದರೆ ನಾವು ಹೋದಾಗ ಬಸ್ಸು ಬಸ್ಸು ಜನ. ಹೋಗುವವರು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಈ ದಿನ ಮಧ್ಯಾಹ್ನ ಹೋದದ್ದು ತಾಯಿಚೆಯಲ್ಲಿರುವ ಮನ್ರಿಕೆಯದೇ ಮನೆಗೆ. ತಾರೊ ದೆ ತಾಯಿಚೆ ಅಂತ ಹೆಸರು, 1968ರಲ್ಲಿ ಕಟ್ಟಲು ಶುರುಮಾಡಿದ್ದು. 1730ರ ಅದೇ ಲಾವಾ ಇಲ್ಲಿಯವರೆಗೂ ಹರಿದು ಬಂದು ಗಟ್ಟಿಯಾಗಿದೆ. ಆ ಕಪ್ಪಿನ ಮಧ್ಯೆ ಒಂದು ಅಂಜೂರದ ಮರದ ತುದಿ ಹಸಿರಾಗಿ ಕಂಡಿತಂತೆ. ಹೋಗಿ ಬಗ್ಗಿ ನೋಡಿದರೆ ಕೆಳಗೆ ಟೊಳ್ಳು. ಲಾವಾದಲ್ಲಿ ಅನಿಲ ಸಿಕ್ಕಿಕೊಂಡು ಆದ ಗುಳ್ಳೆಗಳು, ಒಟ್ಟು ಐದು. ಅವನ್ನು ಸುರಂಗ ಕೊರೆದು ಒಂದಕ್ಕೊಂದು ಸೇರಿಸಿ ಕೋಣೆ ಮಾಡಿಕೊಂಡ. ಮೇಲೆ ಊರಿನ ಮನೆಗಳ ಹಾಗೇ ಬಿಳಿ ಗೋಡೆಯ ಮನೆ.

ಮೆಟ್ಟಿಲಿಳಿದು ಒಂದು ಗುಳ್ಳೆಗೆ ಹೋದೆವು. ದುಂಡಗಿನ ಕೋಣೆ, ಗೋಡೆಗೆ ಅಂಟಿಕೊಂಡೇ ಸುತ್ತಲೂ ಕೆಂಪು ಸೋಫಾ. ನೆಲ ಬೆಳ್ಳಗೆ ಬಳಿದಿದೆ. ಚಾವಣಿಯ ತೂತಿನಿಂದ ಬಿಸಿಲು ಬೀಳುತ್ತದೆ. ಮನೆಯ ಇನ್ನೊಂದು ಕೋಣೆಯಲ್ಲಿ ದೊಡ್ಡ ಗಾಜಿನ ಕಿಟಕಿ. ಅದರ ಹೊರಗಿದ್ದ ಲಾವಾ ಗಾಜನ್ನು ದಾಟಿ ಕೋಣೆಯೊಳಕ್ಕೂ ಬಂದು ಬಿದ್ದಿದೆ. ಗಾಜನ್ನು ಲಾವಾದ ಏರಿಳಿತಕ್ಕೆ ಸರಿಯಾಗಿ ಕತ್ತರಿಸಿ ಕೂರಿಸಿದ್ದಾರೆ, ಒಂದು ಕಲ್ಲನ್ನೂ ಒಡೆದಂತಿಲ್ಲ. ಅಲ್ಲೇ ತುಂಬಾ ಹೊತ್ತು ನಿಂತುಬಿಟ್ಟೆ. ಬೆಳಗ್ಗೆ ನೋಡಿದ ಗುಂಡಿಯೂ ಇದೇ ಅಲ್ವಾ? ಲಾವಾ ಬಂದು ಬಿದ್ದಿದೆ, ತೆಗೆಯಲು ಆಗುವುದಿಲ್ಲ, ಹಾಗಾದರೆ ಅದರೊಳಗೇ ಜಾಗ ಮಾಡಿಕೊಳ್ಳೋಣ. ಪ್ರವಾಸದ ಪುಸ್ತಕಗಳಲ್ಲೆಲ್ಲ ಲಾನ್ಸರೋಟೆಯನ್ನು ಮನ್ರಿಕೆ ರೂಪಿಸಿದ ಅಂತ ಇರುತ್ತದೆ. ನನಗೆ ಅದು ಅರ್ಧ ಮಾತು ಅನಿಸಿತು. ಗುಂಡಿ ತೋಡಿದವರು, ಅಂಗಳಕ್ಕೆ ಇಳಿಜಾರು ಕೊಟ್ಟು ತೊಟ್ಟಿ ತುಂಬಿಸಿದವರು ಇನ್ನೂರು ವರ್ಷ ಮೊದಲೇ ಈ ವಿನ್ಯಾಸ ಮಾಡಿ ಮುಗಿಸಿದ್ದರು. ಅವನು ಅದನ್ನು ಕಣ್ಣಿಟ್ಟು ನೋಡಿದ, ಬೇರೆಯವರು ಹಾಳುಮಾಡದಂತೆ ಜಗಳ ಆಡಿದ. ಅದೇನು ಸಣ್ಣ ಕೆಲಸ ಅಂತಲ್ಲ. 1980ರ ದಶಕದಲ್ಲಿ ತೀರದುದ್ದಕ್ಕೂ ಹೋಟೆಲುಗಳು ಏಳತೊಡಗಿದಾಗ ಸಾಕು ನಿಲ್ಲಿಸಿ ಅಂತ ಬಹಿರಂಗವಾಗಿ ಕೂಗಿದವನು ಅವನೇ. ಅವನು 1992ರಲ್ಲಿ ಈ ಮನೆಯ ಹತ್ತಿರದ ರಸ್ತೆಯಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡ. ಈಗ ಅಲ್ಲಿ ವೃತ್ತ ಇದೆ, ಅವನು ವಿನ್ಯಾಸ ಮಾಡಿದ ಗಾಳಿಗೆ ತಿರುಗುವ ದೊಡ್ಡ ಕಬ್ಬಿಣದ ಆಟಿಕೆ ಇದೆ.

ಅಕ್ಕ ಮಾತ್ರ ನೆಲವನ್ನೇ ನೋಡುತ್ತಿದ್ದಳು. "ರೀ, ಹೊರಗೆಲ್ಲ ಕರಿ ಹರಳು, ಒಳಗೆ ಬಿಳಿ ನೆಲ. ಇದನ್ನ ದಿನಾ ಗುಡಿಸ್ತಿದ್ದೋರು ಯಾರು?" ಭಾವನ ಹತ್ತಿರ ಉತ್ತರ ಇರಲಿಲ್ಲ. ಫಲಕಗಳಲ್ಲೂ ಇರಲಿಲ್ಲ.

ಸಂಜೆ ಊಗಾಕ್ಕೆ ಬಂದಾಗ ಯಜಮಾನಿ ಆಲೂಗೆಡ್ಡೆ ಬೇಯಿಸಲು ಇಟ್ಟಿದ್ದರು. ಪಾಪಾಸ್ ಅರ್ರುಗಾದಾಸ್. ಸಣ್ಣ ಗಡ್ಡೆಗಳು, ಸಿಪ್ಪೆ ತೆಗೆಯುವ ಹಾಗಿಲ್ಲ. ನೀರಿಗೆ ಕೈತುಂಬ ಉಪ್ಪು, ಹಿಂದೆ ಸಮುದ್ರದ ನೀರಲ್ಲೇ ಬೇಯಿಸುತ್ತಿದ್ದರಂತೆ. ಬೆಂದ ಮೇಲೆ ನೀರು ಬಸಿದು, ಪಾತ್ರೆಯನ್ನು ಮತ್ತೆ ಸಣ್ಣ ಉರಿಗಿಟ್ಟು ಅಲ್ಲಾಡಿಸಿದರು. ನೋಡನೋಡುತ್ತಲೇ ಸಿಪ್ಪೆ ಸುಕ್ಕುಗಟ್ಟಿ, ಮೇಲೆ ಉಪ್ಪಿನ ತೆಳು ಪುಡಿ ಕೂತಿತು. ಇದನ್ನು ಅದ್ದಿಕೊಳ್ಳಲು ಮೊಹೊ ಅನ್ನುವ ಗೊಜ್ಜು, ಕೆಂಪಿನದೊಂದು, ಹಸಿರಿನದೊಂದು. ಕೆಂಪಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಆಲಿವ್ ಎಣ್ಣೆ, ವಿನೆಗರ್. ಹಸಿರಿಗೆ ಕೊತ್ತಂಬರಿ ಸೊಪ್ಪು. ಒರಳಿನಲ್ಲಿ ಜೀರಿಗೆ ಬೆಳ್ಳುಳ್ಳಿ ಜಜ್ಜುವ ವಾಸನೆಗೆ ಅಕ್ಕ ಎದ್ದು ಅಡುಗೆಮನೆಗೇ ಹೋದಳು. ಇಬ್ಬರಿಗೂ ಭಾಷೆ ಬರುವುದಿಲ್ಲ, ಆದರೂ ಮಾತು ನಡೆದೇ ಇತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ಮಸೂರದಂಥ ಬೇಳೆಯ ಸಾರಿಗೆ ಹೆಸರಿದೆ, ಆದರೆ ಅದರಲ್ಲಿ ಹಂದಿಯ ಸಾಸೇಜು ಹಾಕುವುದು ಮಾಮೂಲು. ಕೇಳಿಕೊಂಡೇ ತಿನ್ನಿ. ಮೊಹೊ ಜೊತೆ ಸುಟ್ಟ ಮೇಕೆ ಚೀಸಿಗೆ ಆ ಚಿಂತೆ ಇಲ್ಲ.

ಕೊನೆಯಲ್ಲಿ ಗೋಫಿಯೊ ಬಂತು. ಮೆಕ್ಕೆಜೋಳವನ್ನೋ ಗೋಧಿಯನ್ನೋ ಹುರಿದು ಬೀಸಿದ ಹಿಟ್ಟು, ಸ್ಪೇನಿನವರು ದ್ವೀಪಕ್ಕೆ ಬರುವ ಮೊದಲಿನ ಜನರೂ ಬಾರ್ಲಿಯಿಂದ ಇದನ್ನು ಮಾಡಿಕೊಂಡು ತಿನ್ನುತ್ತಿದ್ದರು. ಅದಕ್ಕೆ ಜೇನು, ಬಾಳೆಹಣ್ಣು, ಬಾದಾಮಿ ಹಾಕಿ ಕಲಸಿ ಉದ್ದಕ್ಕೆ ಉಂಡೆ ಮಾಡಿ ಹೋಳು ಹೋಳು ಕತ್ತರಿಸಿದ್ದರು. ನಮ್ಮ ಹುರಿಹಿಟ್ಟೇ ಸೈ. ಭಾವ ಮೊದಲು ಹಿಟ್ಟಿನ ಉಂಡೆಯಾ ಅಂತ ಮೂಗು ಮುರಿದರು, ಆಮೇಲೆ ನನ್ನ ಪಾಲಿನದಕ್ಕೂ ಕೈ ಹಾಕಿದರು. ಜೊತೆಗೆ ಚಿಕ್ಕ ಗ್ಲಾಸಿನಲ್ಲಿ ಜೇನು ಹಾಕಿದ ರಮ್. ಅದು ಸಿಹಿ ಜಾಸ್ತಿ, ನನಗೆ ಒಂದೇ ಸಾಕಾಯಿತು.

ಊಟ ಆದ ಮೇಲೆ ಅಕ್ಕ ಬಾಗಿಲ ಹಿಂದಿನ ಪೊರಕೆ ತೆಗೆದಳು. ನಮ್ಮ ಚಪ್ಪಲಿಯಿಂದ ಉದುರಿದ ಹರಳು ನೆಲದ ತುಂಬಾ ಇತ್ತು. ಯಜಮಾನಿ ಬಂದು ಪೊರಕೆ ಕಿತ್ತುಕೊಂಡರು, ಹರಳನ್ನು ಒಂದು ಡಬ್ಬಕ್ಕೆ ತುಂಬಿಕೊಂಡು ಹೊರಗೆ ಹೋದರು. ಬಿಸಾಡುತ್ತಾರೆ ಅಂದುಕೊಂಡೆವು. ಈರುಳ್ಳಿ ಪಾತಿಗೆ ಹಾಕಿ ಬಂದರು.

"ನೋಡಿದ್ಯೇನೋ, ಕಸಾನೂ ಬಿಡಲ್ಲ ಇವ್ರು" ಅಂದಳು ಅಕ್ಕ. ಭಾವ ಆಗಲೇ ಫೋನಿನಲ್ಲಿ ನಾಳೆಯ ಬೀಚ್ ಹುಡುಕುತ್ತಿದ್ದರು. ದಾರಿಯಲ್ಲೇ ಹಾನುಬಿಯೊದ ಉಪ್ಪಿನ ಗದ್ದೆಗಳೂ ಸಿಗುತ್ತವೆ ಅನ್ನುವುದನ್ನು ನಾವಿಬ್ಬರೂ ಅವರಿಗೆ ಹೇಳಲಿಲ್ಲ.